ಇಂಗ್ಲೆಂಡಿನ ನೀರಿನ ಕಂಪನಿ, ಇಂಗ್ಲೆಂಡಿನ ಕೌನ್ಸಿಲ್: ಹಲವು ವರ್ಷ ಬಳಸಿದ ಮೇಲೆ

ಬಳಸಿದ್ದು: ದಕ್ಷಿಣ ಇಂಗ್ಲೆಂಡಿನ ಒಂದು ಸಾಧಾರಣ ಊರಿನಲ್ಲಿ ಮನೆಗೆ ಬರುವ ನೀರು, ಒಳಚರಂಡಿ, ಕಸ, ರಸ್ತೆ.
ಅಂಕ (5ಕ್ಕೆ): ನಲ್ಲಿ ನೀರಿಗೆ 4, ಒಳಚರಂಡಿಗೆ 1, ನೀರಿನ ಬಿಲ್ ವಿಭಾಗಕ್ಕೆ 1, ಕಸ ಒಯ್ಯುವವರಿಗೆ 4, ರಸ್ತೆಗೆ 1.

ಇಲ್ಲಿ ಕರೆಂಟ್, ಗ್ಯಾಸ್, ಇಂಟರ್‌ನೆಟ್ ಇಷ್ಟವಾಗದಿದ್ದರೆ ಕಂಪನಿ ಬದಲಾಯಿಸಬಹುದು. ನೀರಿಗೆ ಅದು ಆಗುವುದಿಲ್ಲ. ಮನೆ ಯಾವ ಪ್ರದೇಶದಲ್ಲಿದೆಯೋ ಅಲ್ಲಿನ ಕಂಪನಿಯೇ ಗತಿ. ಕಸ, ರಸ್ತೆ ನೋಡಿಕೊಳ್ಳುವ ಸ್ಥಳೀಯ ಆಡಳಿತ, ಅಂದರೆ ಕೌನ್ಸಿಲ್ ಕೂಡ ಹಾಗೆಯೇ. ಹಾಗಾಗಿ ಇದನ್ನು ಓದಿ ಕೊಳ್ಳಬೇಕೋ ಬೇಡವೋ ಅಂತ ಯೋಚಿಸುವ ಪ್ರಶ್ನೆಯೇ ಇಲ್ಲ. ಹೊಸದಾಗಿ ಬರುವ ಕನ್ನಡಿಗರು ಏನನ್ನು ನೋಡಿಕೊಳ್ಳಬೇಕು, ಕಟ್ಟಿದ ದುಡ್ಡು ಎಲ್ಲಿಗೆ ಹೋಗುತ್ತದೆ, ತೊಂದರೆ ಬಂದರೆ ಯಾರ ಬೆನ್ನು ಹತ್ತಬೇಕು ಅನ್ನುವುದು ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ. ನಮ್ಮ ಮನೆಗೆ ನೀರು ಕೊಡುವ ಕಂಪನಿಯ ಹೆಸರು, ನಮ್ಮ ಕೌನ್ಸಿಲ್ ಹೆಸರು ಹಾಕುವುದಿಲ್ಲ. ಬೇರೆ ಊರಿನ ಕನ್ನಡಿಗ ಗೆಳೆಯರ ಹತ್ತಿರ ಮಾತಾಡಿದಾಗಲೂ ಇದೇ ಕಥೆ ಕೇಳಿಬರುತ್ತದೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ನಲ್ಲಿ ತಿರುಗಿಸಿದರೆ ಹಗಲೂ ರಾತ್ರಿ ನೀರು ಬರುತ್ತದೆ, ನೇರವಾಗಿ ಕುಡಿಯಬಹುದು. ಬೆಂಗಳೂರಿನಲ್ಲಿ ಟ್ಯಾಂಕರ್‌ಗೆ ಫೋನ್ ಮಾಡಿ ಕಾದವರಿಗೆ ಇದರ ಬೆಲೆ ಗೊತ್ತು. ನಮ್ಮ ಕಡೆ ನೀರು ಗಡಸು. ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ, ತೊಗರಿಬೇಳೆ ಬೇಯಲು ಜಾಸ್ತಿ ಹೊತ್ತು ಬೇಕು. ಅದು ನೆಲದ ಗುಣ, ಕಂಪನಿಯ ತಪ್ಪಲ್ಲ. ಇನ್ನೊಂದು ದೊಡ್ಡ ಮಾತು: ಬಿಲ್ ಕಟ್ಟಲಿಲ್ಲ ಅಂತ ಮನೆಯ ನೀರು ಕಡಿಯುವಂತಿಲ್ಲ. 1999ರ ಕಾನೂನು ಅದನ್ನು ನಿಷೇಧಿಸಿದೆ. ಮನೆಯಲ್ಲಿ ಹಸುಗೂಸು, ವಯಸ್ಸಾದವರು, ಕಾಯಿಲೆಯವರು ಇದ್ದರೆ ಕಂಪನಿಯ ಆದ್ಯತೆ ಪಟ್ಟಿಯಲ್ಲಿ ಹೆಸರು ಬರೆಸಿ. ನೀರು ನಿಂತಾಗ ಬಾಟಲಿ ನೀರು ಮನೆ ಬಾಗಿಲಿಗೆ ತಂದುಕೊಡುತ್ತಾರೆ. ಇದಕ್ಕೆ ದುಡ್ಡಿಲ್ಲ.

ಆದರೂ ಪೂರ್ತಿ 5 ಕೊಡಲು ಮನಸ್ಸು ಬರುವುದಿಲ್ಲ. 2024ರ ಮೇ ತಿಂಗಳಲ್ಲಿ ಡೆವನ್‌ನ ಬ್ರಿಕ್ಸಮ್ ಊರಿನಲ್ಲಿ ಕುಡಿಯುವ ನೀರಿಗೆ ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಪರಾವಲಂಬಿ ಜೀವಿ ಸೇರಿಕೊಂಡಿತು. ನೂರಕ್ಕೂ ಹೆಚ್ಚು ಜನ ಭೇದಿಯಿಂದ ನರಳಿದರು. ಕೆಲವು ಮನೆಯವರು ಸುಮಾರು 8 ವಾರ ನೀರು ಕುದಿಸಿಯೇ ಕುಡಿಯಬೇಕಾಯಿತು. ನಲ್ಲಿ ನೀರಿನ ಮೇಲೆ ಇಷ್ಟು ನಂಬಿಕೆ ಇಟ್ಟ ದೇಶದಲ್ಲಿ ಅದು ಸಣ್ಣ ವಿಷಯವಲ್ಲ.

ಈಗ ಬಿಲ್ಲಿಗೆ ಬರೋಣ. ಬಿಲ್ಲಿನಲ್ಲಿ ಎರಡು ಭಾಗ ಇರುತ್ತದೆ: ಒಳಗೆ ಬಂದ ನೀರು, ಹೊರಗೆ ಹೋದ ಕೊಳಚೆ. ಕೊಳಚೆಗೆ ಬೇರೆ ಮೀಟರ್ ಇಲ್ಲ. ಬಂದ ನೀರಿನ 90 ಶೇಕಡಾಕ್ಕೂ ಹೆಚ್ಚು ಪಾಲು ಚರಂಡಿಗೆ ಹೋಯಿತು ಅಂತ ಲೆಕ್ಕ ಹಿಡಿಯುತ್ತಾರೆ. ಇದರ ಮೇಲೆ ನಿಮ್ಮ ಸೂರಿನ ಮಳೆನೀರು ಚರಂಡಿಗೆ ಸೇರುತ್ತದೆ ಅಂತ ಇನ್ನೊಂದು ಶುಲ್ಕ. ನಿಮ್ಮ ಮನೆಯ ಮಳೆನೀರು ಅಂಗಳದ ಇಂಗುಗುಂಡಿಗೆ ಹೋಗುತ್ತಿದ್ದರೆ ಆ ಶುಲ್ಕ ಕಟ್ಟಬೇಕಾಗಿಲ್ಲ. ಆದರೆ ನೀವೇ ಅರ್ಜಿ ಹಾಕಬೇಕು, ಅವರಾಗಿ ಬಿಡುವುದಿಲ್ಲ. ಮನೆ ಕೊಂಡವರು ಇದನ್ನು ಒಮ್ಮೆ ನೋಡಿಕೊಳ್ಳಿ.

ಸಿಟ್ಟು ಬಂದದ್ದು ಅಂದಾಜು ಬಿಲ್ಲಿನಿಂದ. ನಮ್ಮ ಮೀಟರ್ ಫುಟ್‌ಪಾತಿನ ಒಂದು ಪುಟ್ಟ ಮುಚ್ಚಳದ ಕೆಳಗಿದೆ. ಕಂಪನಿಯವರು ಅದನ್ನು ಓದದೆ, ಸುಮ್ನೆ ಅಂದಾಜಿನ ಮೇಲೆ ಬಿಲ್ ಕಳಿಸುತ್ತಾ ಹೋದರು. ಕೊನೆಗೊಮ್ಮೆ ನಿಜವಾದ ರೀಡಿಂಗ್ ತೆಗೆದಾಗ ಬಿಲ್ ಹಲವು ಪಟ್ಟು ಏರಿತ್ತು. ಫೋನಿನಲ್ಲಿ ಸಿಕ್ಕ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ಆದರೆ ಅವಳ ಎದುರಿನ ಪರದೆಯಲ್ಲಿ ಇದ್ದದ್ದನ್ನು ಬಿಟ್ಟು ಬೇರೇನೂ ಹೇಳಲು ಅವಳಿಗೆ ಅಧಿಕಾರ ಇರಲಿಲ್ಲ. ಪಕ್ಕದ ಮನೆಯ ಹಿರಿಯರೊಬ್ಬರು ಒಂದು ಪರೀಕ್ಷೆ ಹೇಳಿಕೊಟ್ಟರು. ಅಡುಗೆಮನೆ ಸಿಂಕಿನ ಕೆಳಗಿರುವ ಮುಖ್ಯ ವಾಲ್ವ್ ಪೂರ್ತಿ ಮುಚ್ಚಿ, ಹೊರಗೆ ಹೋಗಿ ಮೀಟರ್ ನೋಡಿ. ಮುಳ್ಳು ತಿರುಗುತ್ತಲೇ ಇದ್ದರೆ ಮೀಟರಿಗೂ ಮನೆಗೂ ನಡುವೆ ಪೈಪ್ ಸೋರುತ್ತಿದೆ. ತಿರುಗುತ್ತಿತ್ತು.

ಇಲ್ಲಿನ ನಿಯಮ ಹೀಗಿದೆ: ರಸ್ತೆಯ ಪೈಪ್ ಕಂಪನಿಯದು, ನಿಮ್ಮ ಜಾಗದ ಗಡಿ ದಾಟಿ ಮನೆಗೆ ಬರುವ ಪೈಪ್ ನಿಮ್ಮದು. ದುರಸ್ತಿ ಖರ್ಚೂ ನಿಮ್ಮದೇ. ಪ್ಲಂಬರ್ ಬಂದು ಅಂಗಳ ಅಗೆದು ಹೊಸ ಪೈಪ್ ಹಾಕಿದ. ಸೋರಿಹೋದ ನೀರಿನ ದುಡ್ಡನ್ನು ಕಂಪನಿ ಮಾಫಿ ಮಾಡಬಹುದು, ಸಾಮಾನ್ಯವಾಗಿ ಒಂದು ಸಲ. ಇದನ್ನು ಅವರು ನಮಗೆ ಒಮ್ಮೆಯೂ ಹೇಳಲಿಲ್ಲ. ನಾನೇ ಕೇಳಿದ ಮೇಲೂ ಫೋನಿನಲ್ಲಿ ಏನೂ ಆಗಲಿಲ್ಲ. ದೂರು ಅಂತ ತಲೆಬರಹ ಹಾಕಿ ಬರೆದು ಕಳಿಸಿದ ಮೇಲೆ ಆಯಿತು. ಬರೆದು ಕೊಟ್ಟ ದೂರಿಗೆ 10 ಕೆಲಸದ ದಿನಗಳೊಳಗೆ ಉತ್ತರ ಕೊಡಲೇಬೇಕು, ಕೊಡದಿದ್ದರೆ ಪರಿಹಾರ ಕೊಡಬೇಕು. ಅದಕ್ಕೇ ಹೇಳುವುದು, ಫೋನ್ ಮಾಡಿ ಬಿಟ್ಟುಬಿಡಬೇಡಿ. ಬರೆಯಿರಿ, ದೂರಿನ ಸಂಖ್ಯೆ ಇಟ್ಟುಕೊಳ್ಳಿ, ಮೀಟರಿನ ಫೋಟೊ ನೀವೇ ತೆಗೆದಿಡಿ.

ಆಮೇಲೆ ನಮ್ಮ ಬೀದಿಯಲ್ಲೇ ಕಂಪನಿಯ ಪೈಪ್ ಒಡೆಯಿತು. ಒಬ್ಬರು ಬಂದು ರಸ್ತೆ ಮೇಲೆ ನೀಲಿ ಬಣ್ಣದಲ್ಲಿ ಗುರುತು ಹಾಕಿ ಹೋದರು. ವಾರಗಟ್ಟಲೆ ನೀರು ಹರಿಯುತ್ತಲೇ ಇತ್ತು. ಚಳಿ ಬಂದಾಗ ಅದೇ ನೀರು ಫುಟ್‌ಪಾತಿನ ಮೇಲೆ ಹೆಪ್ಪುಗಟ್ಟಿತು. ವಯಸ್ಸಾದವರು ಮನೆಯಿಂದ ಹೊರಗೆ ಕಾಲಿಡಲು ಹೆದರಿದರು. ಕೊನೆಗೆ ದುರಸ್ತಿಯವರು ಬಂದಾಗ ಜಡಿಮಳೆಯಲ್ಲಿ ಗುಂಡಿಯೊಳಗೆ ಇಳಿದು, ಕತ್ತಲಾಗುವ ತನಕ ಕೆಲಸ ಮಾಡಿ ಮುಗಿಸಿದರು. ಅಂಥವರ ಮೇಲೆ ನನಗೆ ಯಾವ ದೂರೂ ಇಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರಬರಾಜಾಗುವ ನೀರಿನ ಸುಮಾರು ಐದನೇ ಒಂದು ಪಾಲು ಹೀಗೆ ದಾರಿಯಲ್ಲೇ ಸೋರುತ್ತದೆ. ಇನ್ನೊಂದು ಕಡೆ 2025ರ ಬೇಸಿಗೆಯಲ್ಲಿ ಯಾರ್ಕ್‌ಶೈರ್, ಕೆಂಟ್ ಕಡೆ ಗಿಡಕ್ಕೆ ಪೈಪಿನಿಂದ ನೀರು ಬಿಡಬಾರದು ಅಂತ ಜನರಿಗೆ ನಿಷೇಧ ಹಾಕಿದರು. ಜನರಿಗೆ ಉರಿ ಹತ್ತುವುದು ಇಲ್ಲೇ. ಈ ದೇಶದಲ್ಲಿ ಕೊನೆಯ ದೊಡ್ಡ ಜಲಾಶಯ, ಡರ್ಬಿಶೈರಿನ ಕಾರ್ಸಿಂಗ್ಟನ್, ಶುರುವಾದದ್ದು 1992ರಲ್ಲಿ.

ದುಡ್ಡು ಎಲ್ಲಿ ಹೋಯಿತು? 1989ರಲ್ಲಿ ಥ್ಯಾಚರ್ ಸರ್ಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನ 10 ಪ್ರಾದೇಶಿಕ ನೀರು ಮಂಡಳಿಗಳನ್ನು ಮಾರಿತು. ಮಾರುವ ಮೊದಲು ಅವುಗಳ ಸುಮಾರು 500 ಕೋಟಿ ಪೌಂಡ್ ಹಳೆಯ ಸಾಲವನ್ನು ಸರ್ಕಾರವೇ ಮನ್ನಾ ಮಾಡಿತು. ಅಂದರೆ ಕಂಪನಿಗಳು ಸಾಲವಿಲ್ಲದೆ ಶುರುಮಾಡಿದವು. ಇವತ್ತು ಇವುಗಳ ಒಟ್ಟು ಸಾಲ 6,000 ಕೋಟಿ ಪೌಂಡಿಗಿಂತ ಜಾಸ್ತಿ. ಪೈಪು, ಶುದ್ಧೀಕರಣ ಘಟಕಗಳಿಗೆ ಖರ್ಚೇ ಮಾಡಿಲ್ಲ ಅನ್ನುವುದು ಸರಿಯಲ್ಲ. ಖರ್ಚಾಗಿದೆ. ಆದರೆ ಸಾಲ ಬೆಳೆಯುತ್ತಿದ್ದ ಅದೇ ವರ್ಷಗಳಲ್ಲಿ ಷೇರುದಾರರಿಗೆ ಲಾಭಾಂಶವೂ ಧಾರಾಳವಾಗಿ ಹೋಯಿತು. ಲಂಡನ್ ಸುತ್ತಮುತ್ತ ಸೇವೆ ಕೊಡುವ ಥೇಮ್ಸ್ ವಾಟರ್ ಇದಕ್ಕೆ ದೊಡ್ಡ ಉದಾಹರಣೆ. 2006ರಿಂದ 2017ರ ತನಕ ಅದು ಆಸ್ಟ್ರೇಲಿಯಾದ ಮಕ್ವಾರಿ ಬ್ಯಾಂಕಿನ ಹೂಡಿಕೆದಾರರ ಕೈಯಲ್ಲಿತ್ತು. ಆ ಹೊತ್ತಿಗೆ ಸಾಲ 1,000 ಕೋಟಿ ಪೌಂಡ್ ದಾಟಿತ್ತು. 2025ರ ಫೆಬ್ರವರಿಯಲ್ಲಿ ಕಂಪನಿಯ ಕೈ ಖಾಲಿಯಾಗದಂತೆ 300 ಕೋಟಿ ಪೌಂಡಿನ ತುರ್ತು ಸಾಲಕ್ಕೆ ಕೋರ್ಟು ಒಪ್ಪಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ನೀರಿನ ಕಂಪನಿಗಳ ನಿಯಂತ್ರಕ ಸಂಸ್ಥೆ ಆಫ್‌ವಾಟ್ 12.27 ಕೋಟಿ ಪೌಂಡ್ ದಂಡ ಹಾಕಿತು. ಅದರಲ್ಲಿ 1.82 ಕೋಟಿ ಪೌಂಡ್ ದಂಡ, ಲಾಭಾಂಶ ಹಂಚುವಾಗ ನಿಯಮ ಮುರಿದದ್ದಕ್ಕೆ.

ಇದರ ನಡುವೆ 2025ರ ಏಪ್ರಿಲ್‌ನಲ್ಲಿ ಇಂಗ್ಲೆಂಡ್, ವೇಲ್ಸ್‌ನ ಸರಾಸರಿ ಬಿಲ್ ಒಂದೇ ಏಟಿಗೆ ವರ್ಷಕ್ಕೆ 123 ಪೌಂಡ್ ಏರಿ 603 ಪೌಂಡ್ ಆಯಿತು. ಹಳೆಯ ಪೈಪು ಬದಲಿಸಲು, ಜಲಾಶಯ ಕಟ್ಟಲು ದುಡ್ಡು ಬೇಕು ಅನ್ನುತ್ತಾರೆ. ಬೇಕು, ನಿಜ. ಆದರೆ ಆ ಕೆಲಸಕ್ಕೆ ಅಂತಲೇ ಅಲ್ವಾ ಇಷ್ಟು ವರ್ಷ ಕಟ್ಟಿದ್ದು? ಸ್ಕಾಟ್ಲೆಂಡಿನಲ್ಲಿ ನೀರನ್ನು ಮಾರಲೇ ಇಲ್ಲ, ಇವತ್ತಿಗೂ ಸರ್ಕಾರದ್ದೇ. ವೇಲ್ಸ್‌ನ ದೊಡ್ಡ ಕಂಪನಿಗೆ 2001ರಿಂದ ಷೇರುದಾರರೇ ಇಲ್ಲ. ಅಲ್ಲೂ ಕೊಳಚೆ ನದಿಗೆ ಹರಿಯುತ್ತದೆ, ಅದನ್ನು ಮುಚ್ಚಿಡಬಾರದು. ಆದರೆ ಅಲ್ಲಿ ಬಿಲ್ಲಿನ ದುಡ್ಡು ಲಾಭಾಂಶವಾಗಿ ಹೊರಗೆ ಹೋಗುವುದಿಲ್ಲ.

ಊರಿನಲ್ಲಿರುವವರಿಗೂ ಇದು ಸಂಬಂಧಪಟ್ಟ ಮಾತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಯೋಜನೆಯನ್ನು ಖಾಸಗಿ ಕಂಪನಿ ನಡೆಸಿದ್ದು ನಿಮಗೆ ನೆನಪಿರಬಹುದು. ಅಲ್ಲಿ ಗುತ್ತಿಗೆ ಕೊಟ್ಟದ್ದು ನಡೆಸುವ ಕೆಲಸವನ್ನು ಮಾತ್ರ. ಇಂಗ್ಲೆಂಡಿನಲ್ಲಿ ಪೈಪು, ಜಲಾಶಯ, ಚರಂಡಿ ಎಲ್ಲವನ್ನೂ ಮಾರಿಬಿಟ್ಟರು. ಗುತ್ತಿಗೆ ಒಂದು ದಿನ ಮುಗಿಯುತ್ತದೆ. ಮಾರಿದ್ದನ್ನು ವಾಪಸ್ ಪಡೆಯುವುದು ಸುಲಭವಲ್ಲ.

ಒಳಚರಂಡಿಗೆ 1 ಕೊಟ್ಟದ್ದಕ್ಕೆ ಕಾರಣ ಹೇಳಬೇಕು. ಹಳೆಯ ಊರುಗಳಲ್ಲಿ ಮಳೆನೀರು, ಶೌಚದ ನೀರು ಒಂದೇ ಪೈಪಿನಲ್ಲಿ ಹರಿಯುತ್ತವೆ. ಜೋರು ಮಳೆ ಬಂದಾಗ ಅದು ಉಕ್ಕಿ ಮನೆಗಳಿಗೆ ನುಗ್ಗಬಾರದು ಅಂತ ನದಿಗೆ ಬಿಡುವ ಬಾಯಿಗಳನ್ನು ಇಟ್ಟಿದ್ದಾರೆ. ಅಪರೂಪಕ್ಕೆ ಬಳಸಬೇಕಾದ ವ್ಯವಸ್ಥೆ ಅದು. 2024ರಲ್ಲಿ ಇಂಗ್ಲೆಂಡಿನ ಈ ಬಾಯಿಗಳಿಂದ ಕೊಳಚೆ ಹರಿದ ಹೊತ್ತನ್ನೆಲ್ಲ ಕೂಡಿಸಿದರೆ 36 ಲಕ್ಷ ಗಂಟೆ. 2021ರಲ್ಲಿ ಸದರ್ನ್ ವಾಟರ್ ಕಂಪನಿಗೆ ಕೋರ್ಟು 9 ಕೋಟಿ ಪೌಂಡ್ ದಂಡ ಹಾಕಿತು. 2010ರಿಂದ 2015ರ ನಡುವೆ ಅದು ಗೊತ್ತಿದ್ದೂ ಕೆಂಟ್, ಹ್ಯಾಂಪ್‌ಶೈರ್ ಕರಾವಳಿಗೆ ಕೊಳಚೆ ಬಿಟ್ಟಿತ್ತು. ನಮ್ಮ ಊರಿನ ಹೊಳೆಯಲ್ಲಿ ಮೊದಲು ಮಕ್ಕಳು ಆಡುತ್ತಿದ್ದರಂತೆ. ನನ್ನ ಮಕ್ಕಳನ್ನು ನಾನು ಇಳಿಸುವುದಿಲ್ಲ. ಹೊಳೆಯನ್ನು ತಾಯಿ ಅಂತ ಕರೆದು ಬೆಳೆದವಳಿಗೆ ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕೌನ್ಸಿಲ್ ವಿಷಯ ಬೇರೆ. ಅದನ್ನು ಯಾರಿಗೂ ಮಾರಿಲ್ಲ, ಆದರೆ ಅದರ ಕೈಯಲ್ಲಿ ದುಡ್ಡಿಲ್ಲ. 2010ರ ನಂತರ ಕೇಂದ್ರ ಸರ್ಕಾರದ ಅನುದಾನ ಇಳಿಯಿತು. ವಯಸ್ಸಾದವರ ಆರೈಕೆ, ಮಕ್ಕಳ ರಕ್ಷಣೆ, ಮನೆ ಕಳೆದುಕೊಂಡವರಿಗೆ ವಸತಿ, ಇವನ್ನು ಕಾನೂನು ಪ್ರಕಾರ ಮಾಡಲೇಬೇಕು. ಅವಕ್ಕೇ ದುಡ್ಡು ಹೋಗಿಬಿಡುತ್ತದೆ. ಉಳಿದದ್ದರಲ್ಲಿ ರಸ್ತೆ, ಗ್ರಂಥಾಲಯ, ಪಾರ್ಕು. ಕೆಲವು ಕೌನ್ಸಿಲ್‌ಗಳು ಸಾಲ ಮಾಡಿ ವ್ಯಾಪಾರಕ್ಕೆ ಇಳಿದು ಮುಳುಗಿದವು. ಥರಾಕ್ ಸೌರ ವಿದ್ಯುತ್ತಿನಲ್ಲಿ ಹೂಡಿತು, ವೋಕಿಂಗ್ ಗಗನಚುಂಬಿ ಕಟ್ಟಡ, ಹೋಟೆಲ್ ಕಟ್ಟಿಸಿತು. ಭಾರತೀಯರು ತುಂಬ ಇರುವ ಸ್ಲೌ 2021ರಲ್ಲೇ ದುಡ್ಡಿಲ್ಲ ಅಂತ ಕೈ ಎತ್ತಿತು, ಬರ್ಮಿಂಗ್‌ಹ್ಯಾಮ್ 2023ರಲ್ಲಿ. ಬರ್ಮಿಂಗ್‌ಹ್ಯಾಮಿನಲ್ಲಿ ಮನೆಯವರು ಕಟ್ಟುವ ಕೌನ್ಸಿಲ್ ತೆರಿಗೆ 2024ರಲ್ಲಿ ಸುಮಾರು 10 ಶೇಕಡಾ, ಮರುವರ್ಷ 7.5 ಶೇಕಡಾ ಏರಿತು. 2025ರ ಮಾರ್ಚಿನಲ್ಲಿ ಕಸದ ಲಾರಿಯವರು ಮುಷ್ಕರ ಹೂಡಿದಾಗ 17,000 ಟನ್ ಕಸ ಬೀದಿಯಲ್ಲಿ ಬಿತ್ತು. ಜಾಸ್ತಿ ಕಟ್ಟಿ ಕಡಿಮೆ ಪಡೆಯುವುದು ಅಂದರೆ ಇದೇ.

ನಮ್ಮ ಊರಿನಲ್ಲಿ ಕಸದವರು ಹೇಳಿದ ದಿನ ತಪ್ಪದೆ ಬರುತ್ತಾರೆ. ತೋಟದ ಕಸಕ್ಕೆ ಬೇರೆ ಚಂದಾ ಕಟ್ಟಬೇಕು. ರಸ್ತೆ ಮಾತ್ರ ಹಾಳು. ಇಂಗ್ಲೆಂಡಿನ ಎಷ್ಟೋ ಕಡೆ ಎರಡು ಕೌನ್ಸಿಲ್ ಇರುತ್ತವೆ. ಕಸ ಜಿಲ್ಲಾ ಕೌನ್ಸಿಲ್‌ನದು, ರಸ್ತೆ ಕೌಂಟಿ ಕೌನ್ಸಿಲ್‌ನದು. ರಸ್ತೆ ಗುಂಡಿ ಕಂಡರೆ ಕೌಂಟಿಯ ವೆಬ್‌ಸೈಟಿನಲ್ಲಿ ದೂರು ಹಾಕಿ, ಫೋಟೊ ಸೇರಿಸಿ. ಯಾಕೆಂದರೆ ಗುಂಡಿಯಿಂದ ಕಾರಿನ ಟೈರು ಒಡೆದು ಪರಿಹಾರ ಕೇಳಿದಾಗ, ರಸ್ತೆಯನ್ನು ಸರಿಯಾಗಿ ತಪಾಸಣೆ ಮಾಡುತ್ತಿದ್ದೆವು, ಗುಂಡಿಯ ವಿಷಯ ನಮಗೆ ಗೊತ್ತಿರಲಿಲ್ಲ ಅಂತ ಹೇಳಿ ಅವರು ತಪ್ಪಿಸಿಕೊಳ್ಳಬಹುದು. ಮೊದಲೇ ದೂರು ದಾಖಲಾಗಿದ್ದರೆ ಹಾಗೆ ಹೇಳುವುದು ಕಷ್ಟ. ಇನ್ನೊಂದು: ಒಬ್ಬರೇ ಇರುವ ಮನೆಗೆ ಕೌನ್ಸಿಲ್ ತೆರಿಗೆಯಲ್ಲಿ 25 ಶೇಕಡಾ ರಿಯಾಯಿತಿ ಇದೆ. ಪೂರ್ಣಾವಧಿ ವಿದ್ಯಾರ್ಥಿಗಳೇ ಇರುವ ಮನೆಗೆ ತೆರಿಗೆಯೇ ಇಲ್ಲ. ಓದಲು ಬರುವ ನಮ್ಮ ಹುಡುಗರು ಇದು ಗೊತ್ತಿಲ್ಲದೆ ಕಟ್ಟಿದ್ದನ್ನು ನೋಡಿದ್ದೇನೆ.

ನೀರಿನ ಕಂಪನಿ 8 ವಾರದಲ್ಲಿ ದೂರು ಬಗೆಹರಿಸದಿದ್ದರೆ ನೀರಿನ ಗ್ರಾಹಕ ಮಂಡಳಿಗೆ ಹೋಗಿ. ಕೌನ್ಸಿಲ್ ಮೇಲಿನ ದೂರಿಗೆ ಬೇರೆ ಒಂಬುಡ್ಸ್‌ಮನ್ ಇದ್ದಾರೆ. ಎರಡಕ್ಕೂ ಶುಲ್ಕವಿಲ್ಲ. 2025ರ ಜುಲೈಯಿಂದ ನೀರಿನ ಕಂಪನಿಗಳು ಕೊಡಬೇಕಾದ ಪರಿಹಾರವೂ ಏರಿದೆ. ಮನೆಯೊಳಗೆ ಕೊಳಚೆ ನುಗ್ಗಿದರೆ 2,000 ಪೌಂಡ್ ತನಕ ಸಿಗುತ್ತದೆ. ಅದೇ ತಿಂಗಳು, ನೀರಿನ ವ್ಯವಸ್ಥೆಯನ್ನು ಪರಿಶೀಲಿಸಲು ಸರ್ಕಾರ ನೇಮಿಸಿದ್ದ ಜಾನ್ ಕನ್ಲಿಫ್ ಅವರ ಆಯೋಗ ಆಫ್‌ವಾಟ್ ಅನ್ನೇ ಮುಚ್ಚಬೇಕು ಅಂತ ಹೇಳಿತು, ಸರ್ಕಾರ ಒಪ್ಪಿತು. ಹೊಸ ನಿಯಂತ್ರಕರು ಸಾಲ ಮತ್ತು ಲಾಭಾಂಶಕ್ಕೆ ಗಟ್ಟಿ ಕಡಿವಾಣ ಹಾಕಿದರೆ ಮಾತ್ರ ಅಂಕ ತಿದ್ದುತ್ತೇನೆ. ಬೋರ್ಡು ಬದಲಾದದ್ದಕ್ಕೆ ಅಲ್ಲ.

ಕೊನೆಗೆ, ನಮ್ಮವರಲ್ಲಿ ತುಂಬ ಜನಕ್ಕೆ ಗೊತ್ತಿಲ್ಲದ ವಿಷಯ. ಭಾರತದ ಪಾಸ್‌ಪೋರ್ಟ್ ಇದ್ದರೂ, ಕಾಮನ್‌ವೆಲ್ತ್ ಪ್ರಜೆಗಳಾದ ನಮಗೆ ಇಲ್ಲಿ ಮತ ಹಾಕುವ ಹಕ್ಕಿದೆ. ಸರಿಯಾದ ವೀಸಾ ಮೇಲೆ ಇಲ್ಲಿ ವಾಸವಿದ್ದರೆ ಸಾಕು. ಕೌನ್ಸಿಲ್ ಚುನಾವಣೆಗೂ ಹಾಕಬಹುದು, ಸಂಸತ್ ಚುನಾವಣೆಗೂ ಹಾಕಬಹುದು. ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿ. ಮತಗಟ್ಟೆಗೆ ಹೋಗುವಾಗ ಫೋಟೊ ಇರುವ ಗುರುತಿನ ಚೀಟಿ ಬೇಕು, ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ. ಕೌನ್ಸಿಲರ್‌ಗಳು ಜನರನ್ನು ಭೇಟಿಯಾಗುವ ದಿನವನ್ನು ಕೌನ್ಸಿಲ್ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ. ನಮ್ಮ ಬೀದಿಯ ಕಟ್ಟಿಕೊಂಡ ಮೋರಿಯ ಫೋಟೊ ಹಿಡಿದು ಅಕ್ಕಪಕ್ಕದವರೆಲ್ಲ ಒಟ್ಟಿಗೆ ಹೋದೆವು. ಆ ಚಳಿಗಾಲ ಶುರುವಾಗುವ ಮೊದಲೇ ಮೋರಿ ಸ್ವಚ್ಛವಾಯಿತು.