ದೊಡ್ಡ ಲ್ವಾರ್, ಚಿಕ್ಕ ಲ್ವಾರ್, ಆಂದ್ರ್: ಸದ್ದಿಲ್ಲದ ಸೈಕಲ್ ದಾರಿ ಯಾವುದು?

ಫ್ರಾನ್ಸಿನಲ್ಲಿ ಸೈಕಲ್ ಪ್ರವಾಸ ಅಂದರೆ ಮೊದಲು ಬಾಯಿಗೆ ಬರುವ ಹೆಸರು ಲ್ವಾರ್ ಕಣಿವೆ. ನೇವೆರ್ ಬಳಿಯ ಕ್ಯುಫಿಯಿಂದ ಅಟ್ಲಾಂಟಿಕ್ ದಂಡೆಯ ಸೇಂ-ಬ್ರೆವಾಂವರೆಗೆ ಸುಮಾರು 900 ಕಿ.ಮೀ. ಗುರುತು ಹಾಕಿದ ದಾರಿ. ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೊ 6 ಎಂಬ ಸೈಕಲ್ ಮಾರ್ಗದ ಮೊದಲ ತುಂಡೂ ಇದೇ. ಅದರ ಉತ್ತರಕ್ಕೆ ಚಿಕ್ಕ ಲ್ವಾರ್ ಎಂಬ ಬೇರೆಯೇ ಒಂದು ಹೊಳೆ ಹರಿಯುತ್ತದೆ, ದಕ್ಷಿಣಕ್ಕೆ ಆಂದ್ರ್. ಮೂರರ ದಂಡೆಯಲ್ಲೂ ಹಳೇ ಕೋಟೆ, ಗುಹೆಮನೆ, ದ್ರಾಕ್ಷಿ ತೋಟ ಇವೆ, ಮೂರಕ್ಕೂ ಸೈಕಲ್ ಫಲಕಗಳಿವೆ. ತುಳಿದು ನೋಡಿದ ಮೇಲೆ ನಾವು ಹೇಳುವುದು ಇಷ್ಟು: ಮೊದಲ ಸಲ ಹೋಗುವವರಿಗೆ, ಮಕ್ಕಳೊಂದಿಗೆ ಹೋಗುವವರಿಗೆ ದೊಡ್ಡ ಲ್ವಾರ್. ನಿಶ್ಶಬ್ದವೇ ಮುಖ್ಯ ಅನ್ನುವವರಿಗೆ ಚಿಕ್ಕ ಲ್ವಾರ್, ಅದರಲ್ಲೂ ವಾಂದೋಮ್‌ನಿಂದ ಲಾ ಶಾರ್ತ್ರ್‌ವರೆಗಿನ ಸುಮಾರು 50 ಕಿ.ಮೀ. ಎರಡು ದಿನ ಮಾತ್ರ ಕೈಯಲ್ಲಿದ್ದರೆ ಆಂದ್ರ್.

ಎರಡು ಲ್ವಾರ್‌ಗಳ ಉಚ್ಚಾರ ಒಂದೇ, ಕಾಗುಣಿತ ಮಾತ್ರ ಬೇರೆ: ದೊಡ್ಡದು Loire, ಚಿಕ್ಕದು Loir. ಟಿಕೆಟ್, ಕೋಣೆ ಕಾದಿರಿಸುವಾಗ ಊರಿನ ಹೆಸರನ್ನೇ ನೋಡಿ. ಸೈಕಲ್ ಫಲಕದಲ್ಲಿ ಚಿಕ್ಕ ಲ್ವಾರ್‌ಗೆ ವಿ 47 ಅಂತ ಇರುತ್ತದೆ.

ಸದ್ದು ಮತ್ತು ಜನ

ದೊಡ್ಡ ಲ್ವಾರ್‌ನಲ್ಲಿ ವಾಹನ ಕಡಿಮೆ, ಸೈಕಲ್ಲೇ ಹೆಚ್ಚು. ಜುಲೈ-ಆಗಸ್ಟ್‌ನಲ್ಲಿ ತೂರ್–ವಿಲಾಂದ್ರಿ ನಡುವೆ ಬ್ಯಾಟರಿ ಸೈಕಲ್, ಮಕ್ಕಳ ಟ್ರೇಲರ್, ಗುಂಪು ಪ್ರವಾಸ ಎಲ್ಲ ಒಂದೇ ಸೈಕಲ್ ಪಟ್ಟಿಯಲ್ಲಿ ಸಾಲುಗಟ್ಟುತ್ತವೆ. ನದಿಯ ಉತ್ತರ ದಂಡೆಯ ಡಿ 952 (ಡಿ ಅಂದರೆ ಜಿಲ್ಲಾ ರಸ್ತೆ) ನಕ್ಷೆಯಲ್ಲಿ ನೀರಿನ ಪಕ್ಕದಲ್ಲೇ ಓಡುವ ಚೆಂದದ ರಸ್ತೆಯಂತೆ ಕಾಣುತ್ತದೆ. ಅತ್ತ ಹೋಗಬೇಡಿ. ಕಾರು, ಲಾರಿಗಳು ವೇಗವಾಗಿ ಓಡುವ ರಸ್ತೆ ಅದು, ಏರಿಯ ಮೇಲೆ ಪಕ್ಕಕ್ಕೆ ಸರಿಯಲು ಜಾಗವೂ ಇಲ್ಲ. ಮೊಬೈಲ್ ಆ್ಯಪ್‌ಗಳು ಹತ್ತಿರದ ದಾರಿ ಅಂತ ಇದನ್ನೇ ತೋರಿಸುವುದುಂಟು. ಅಧಿಕೃತ ಮಾರ್ಗದ ಜಿಪಿಎಕ್ಸ್ ಫೈಲನ್ನು (ಮೊಬೈಲ್ ನಕ್ಷೆಯಲ್ಲಿ ದಾರಿ ತೋರಿಸುವ ಫೈಲು) ಹೊರಡುವ ಮೊದಲೇ ಇಳಿಸಿಕೊಂಡು ಅದನ್ನೇ ಹಿಡಿಯಿರಿ.

ಚಿಕ್ಕ ಲ್ವಾರ್‌ನಲ್ಲಿ ಪ್ರತ್ಯೇಕ ಸೈಕಲ್ ಪಟ್ಟಿ ಇರುವುದು ಅಲ್ಲಲ್ಲಿ ಮಾತ್ರ, ಬಹುಪಾಲು ದಾರಿ ಹಳ್ಳಿಗಳ ಡಾಂಬರು ರಸ್ತೆ. ಹಾಗಿದ್ದೂ ಇದೇ ಹೆಚ್ಚು ಶಾಂತ, ಏಕೆಂದರೆ ಆ ರಸ್ತೆಗಳಲ್ಲಿ ಊರಿಂದ ಊರಿಗೆ ಹೋಗುವವರನ್ನು ಬಿಟ್ಟರೆ ಬೇರೆಯವರಿಗೆ ಕೆಲಸವಿಲ್ಲ. ಮಿಶೆಲಿನ್ ನಕ್ಷೆಯಲ್ಲಿ ಬಿಳಿ ಬಣ್ಣದಲ್ಲಿರುವುದು ಇಂಥ ರಸ್ತೆ. ಹಳದಿಯಾದರೆ ಬೆಳಗ್ಗೆ ಸಂಜೆ ಸ್ವಲ್ಪ ಓಡಾಟ ಇರುತ್ತದೆ, ಕೆಂಪು ಬೇಡವೇ ಬೇಡ. ಡಿ ನಂತರ ಮೂರಂಕಿ ಇದ್ದರೆ ಸಣ್ಣ ರಸ್ತೆ ಎಂಬ ಲೆಕ್ಕಾಚಾರವನ್ನು ನೆಚ್ಚಿಕೊಳ್ಳಬೇಡಿ, ಡಿ 952ಕ್ಕೂ ಮೂರಂಕಿಯೇ.

ಆಂದ್ರ್ ಎರಡರ ನಡುವಿನದು. ಲೋಶ್‌ನಿಂದ ಕೋರ್ಮ್ರಿವರೆಗೆ ನಿರಾತಂಕ. ಮೋಂಬಾಜೋಂ ಬಳಿ ತೂರ್ ನಗರದ ಓಡಾಟ ಕೈಗೆ ತಾಗುತ್ತದೆ, ಹೆದ್ದಾರಿಯ ಗದ್ದಲವೂ ಕೇಳುತ್ತದೆ. ಪೋಂ-ದ-ರುವಾಂ ಮುಟ್ಟಿದ ಮೇಲೆ ಮತ್ತೆ ಹೊಳೆ, ಹಳೇ ನೀರುಗಿರಣಿ, ಪೋಪ್ಲರ್ ಮರ.

ನೆಲ, ಏರು, ಗಾಳಿ

ದೊಡ್ಡ ಲ್ವಾರ್ ಸಪಾಟು. ಬಹಳ ಕಡೆ ದಾರಿ ಪ್ರವಾಹ ತಡೆಯಲು ಕಟ್ಟಿದ ಏರಿಯ ಮೇಲೇ ಸಾಗುತ್ತದೆ. ನಮ್ಮ ಕೆರೆ ಏರಿಯ ಮೇಲೆ ಮೈಲಿಗಟ್ಟಲೆ ಹೋದ ಹಾಗೆ ಒಂದು ಪಕ್ಕ ನೀರು, ಇನ್ನೊಂದು ಪಕ್ಕ ತಗ್ಗಿನಲ್ಲಿ ಹೊಲ, ಮನೆ. ನೋಟ ಚೆನ್ನ, ನೆರಳು ಮಾತ್ರ ಇಲ್ಲ. ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ ಕೋಟೆಗಳನ್ನು ನೋಡುತ್ತಾ ನದಿಯ ಜೊತೆ ಸಮುದ್ರದ ಕಡೆ ಹೋಗುವವರಿಗೆ ಎದುರುಗಾಳಿ. ರೈಲಿನಲ್ಲಿ ಸೋಮ್ಯೂರ್‌ಗೆ ಹೋಗಿ ಅಲ್ಲಿಂದ ತೂರ್ ಕಡೆಗೆ ತುಳಿದರೆ ಸುಮಾರು 80 ಕಿ.ಮೀ. ಬೆನ್ನಿಗೆ ಗಾಳಿ ಸಿಗುವ ಸಂಭವ ಹೆಚ್ಚು. ಚಿಕ್ಕ ಲ್ವಾರ್ ಕೂಡ ಪಶ್ಚಿಮಕ್ಕೇ ಹರಿಯುತ್ತದೆ, ಆದರೆ ಕಣಿವೆ ಇಕ್ಕಟ್ಟು, ತಿರುವು ಹೆಚ್ಚು, ಮರಗಳ ಮರೆ ಇದೆ. ಅಲ್ಲಿ ಗಾಳಿ ಅಷ್ಟಾಗಿ ಕಾಡುವುದಿಲ್ಲ.

ದೊಡ್ಡ ಲ್ವಾರ್‌ನ ಡಾಂಬರಿಲ್ಲದ ಭಾಗಗಳಲ್ಲಿ ಮರಳು, ಸುಣ್ಣಕಲ್ಲಿನ ಪುಡಿ ಹಾಕಿ ಒತ್ತಿದ ಬಿಳಿ ನೆಲ. ಒಣಗಿದ್ದಾಗ ಚೆನ್ನಾಗಿಯೇ ಓಡುತ್ತದೆ, ಮಳೆ ಬಿದ್ದರೆ ಬಿಳಿ ಕೆಸರಾಗುತ್ತದೆ. ಚೈನು ಕೆಡುವುದು ಇಲ್ಲೇ. ಧೂಳು ಕೂತ ಚೈನಿನ ಮೇಲೆ ನೇರವಾಗಿ ಎಣ್ಣೆ ಬಿಟ್ಟರೆ ಎರಡೂ ಬೆರೆತು ಸಾಣೆ ಹಿಡಿಯುವ ಮಸಿಯಾಗಿ ಹಲ್ಲುಚಕ್ರಗಳನ್ನು ತಿನ್ನುತ್ತದೆ. ಸಂಜೆ ಒಣ ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲನ್ನು ಹತ್ತು ಸುತ್ತು ಹಿಂದಕ್ಕೆ ತಿರುಗಿಸಿ, ಆಮೇಲೆ ಕೊಂಡಿಗೆ ಒಂದೊಂದು ಹನಿ ಬಿಡಿ, ಐದು ನಿಮಿಷ ಬಿಟ್ಟು ಹೊರಗಿನ ಎಣ್ಣೆ ಒರೆಸಿ. ರಿಮ್ ಬ್ರೇಕ್ ಇದ್ದರೆ ಮಳೆಯ ನಂತರ ಬಾಟಲಿ ನೀರಲ್ಲಿ ರಿಮ್ ತೊಳೆಯಲೇಬೇಕು. ಆ ಸುಣ್ಣದ ಕೆಸರು ಬ್ರೇಕ್ ರಬ್ಬರನ್ನೂ ರಿಮ್ಮನ್ನೂ ಸವೆಸುತ್ತದೆ.

ದೊಡ್ಡ ಲ್ವಾರ್‌ಗೆ 38–40 ಮಿ.ಮೀ. ಟೈರ್ ಒಳ್ಳೆಯದು. ಚಿಕ್ಕ ಲ್ವಾರ್, ಆಂದ್ರ್‌ಗಳಿಗೆ 32 ಸಾಕು. ಸವಾರ, ಲಗೇಜು ಸೇರಿ 90 ಕಿಲೋ ಆಸುಪಾಸು ಇದ್ದು ಟೈರು 38 ಇದ್ದರೆ ಗಾಳಿಯ ಒತ್ತಡ ಹಿಂದಕ್ಕೆ 55–60 ಪಿಎಸ್ಐ, ಮುಂದಕ್ಕೆ 50. ಬಿಳಿ ನೆಲದಲ್ಲಿ ಐದಾರು ಇಳಿಸಿದರೆ ಕೈ ನೋಯುವುದಿಲ್ಲ.

ಚಿಕ್ಕ ಲ್ವಾರ್‌ನಲ್ಲಿ ಬೆಟ್ಟಗಳೇನೂ ಇಲ್ಲ, ಆದರೆ ದಾರಿ ಆಗಾಗ ಹೊಳೆ ಬಿಟ್ಟು ಮೇಲಿನ ಬಯಲಿಗೆ ಹತ್ತಿ ಇಳಿಯುತ್ತದೆ. ಏರು ಗಿಡ್ಡ, ಕೆಲವು ಕಡೆ ಕಡಿದು. ಲಗೇಜು ಇದ್ದವರಿಗೆ ಮುಂದೆ 34, ಹಿಂದೆ 34 ಹಲ್ಲಿನ ಗೇರು ಇದ್ದರೆ ಇಳಿದು ತಳ್ಳುವ ಪ್ರಮೇಯ ಬರುವುದಿಲ್ಲ. ದೊಡ್ಡ ಲ್ವಾರ್ ಪೂರ್ತಿ ಸಪಾಟು ಅನ್ನುವ ಮಾತಿಗೂ ಒಂದು ಅಪವಾದ ಇದೆ. ಕಾಂದ್-ಸೇಂ-ಮಾರ್ತಾಂ, ಮೋಂಸೊರೊ ದಾಟಿದ ಮೇಲೆ ಸೋಮ್ಯೂರ್‌ವರೆಗೆ ದಾರಿ ದ್ರಾಕ್ಷಿ ತೋಟಗಳ ಮೇಲೆ ಹತ್ತಿ ಇಳಿಯುತ್ತದೆ. ಅದೇ ಈ ಮಾರ್ಗದ ಅತಿ ಚೆಂದದ ತುಂಡು. ಸೂಜೆ ಊರಿನಲ್ಲಿ ತ್ಯುಫೋ ಎಂಬ ಬಿಳಿ ಸುಣ್ಣಕಲ್ಲನ್ನು ಕೊರೆದು ಮಾಡಿದ ಬೀದಿಯೊಳಗಿಂದಲೇ ಸೈಕಲ್ ಹೋಗುತ್ತದೆ. ಒಳಗೆ ತಂಪು, ಕತ್ತಲೆ, ಬಿಸಿಲಿನಿಂದ ಬಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಸುರಂಗದ ಬಾಯಿಯಲ್ಲೇ ತಂಪು ಕನ್ನಡಕ ತೆಗೆದು ಲೈಟ್ ಹಾಕಿ, ನಡೆಯುವವರಿದ್ದರೆ ಇಳಿಯಿರಿ.

ನೋಡಲು ಏನಿದೆ

ಇದರಲ್ಲಿ ದೊಡ್ಡ ಲ್ವಾರ್‌ಗೆ ಸಾಟಿಯಿಲ್ಲ. ಸ್ಯುಲ್ಲಿಯಿಂದ ಶಾಲೋನ್‌ವರೆಗಿನ ಕಣಿವೆ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ವಿಲಾಂದ್ರಿಯ ತೋಟ, ಯುಸ್ಸೆ ಕೋಟೆ, 1101ರಲ್ಲಿ ಸ್ಥಾಪನೆಯಾದ ಫೋಂತವ್ರೊ ಮಠ ಎಲ್ಲ ಹತ್ತಿರ ಹತ್ತಿರ. ಫೋಂತವ್ರೊ ಮಾರ್ಗದಿಂದ ನಾಲ್ಕೈದು ಕಿ.ಮೀ. ಒಳಗೆ, ಹೋಗುವಾಗ ಏರು. ಇಂಗ್ಲೆಂಡಿನ ಎರಡನೇ ಹೆನ್ರಿ, ಅವನ ಹೆಂಡತಿ ಎಲಿನರ್, ಮಗ ರಿಚರ್ಡ್ ಇವರ ಕಲ್ಲಿನ ಸಮಾಧಿ ಮೂರ್ತಿಗಳು ಅಲ್ಲಿವೆ. ಆ ಏರಿಗೆ ಬೇಸರ ಪಡಬೇಡಿ. ಆದರೆ ಆವ್ವಾನ್ ಹತ್ತಿರ ಪರಮಾಣು ವಿದ್ಯುತ್ ಸ್ಥಾವರ, ಅದರ ತಂತಿ ಗೋಪುರಗಳು ಕಣ್ಣಿಗೆ ಬೀಳುತ್ತವೆ. ಹಳೇ ಚಿತ್ರದಂಥ ನದಿಯನ್ನು ಮಾತ್ರ ನಿರೀಕ್ಷಿಸಿ ಹೋದವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಚಿಕ್ಕ ಲ್ವಾರ್‌ನ ಸಂಪತ್ತು ಇಷ್ಟು ಢಾಳಾಗಿಲ್ಲ. ವಾಂದೋಮ್‌ನಿಂದ ಹೊರಟು ಲೆ ರೋಶ್-ಲೆವೆಕ್ ಮುಟ್ಟಿದಾಗ ಬಂಡೆಯೊಳಗಿನ ಮನೆಗಳ ಹೊಗೆ ಕೊಳವೆಗಳು ನೆಲದಿಂದ ಎದ್ದಂತೆ ಕಾಣುತ್ತವೆ. ಮುಂದೆ ಲಾವಾರ್ದಾಂ: ಪಾಳುಬಿದ್ದ ಕೋಟೆ, ಕೆಳಗೆ ಕಮಾನು ಸೇತುವೆ, ಸೇಂ-ಜನೆ ಚರ್ಚಿನ ಗೋಡೆಯಲ್ಲಿ ಮಧ್ಯಯುಗದ ಬಣ್ಣದ ಚಿತ್ರ. ಎರಡು ಮೂರು ಕಿ.ಮೀ. ಆಚೆ ಮೋಂತ್ವಾರ್. 1940ರ ಅಕ್ಟೋಬರ್ 24ರಂದು ಹಿಟ್ಲರ್ ಮತ್ತು ಸೋತ ಫ್ರಾನ್ಸಿನ ಆಗಿನ ಮುಖ್ಯಸ್ಥ ಪೆತಾಂ ಭೇಟಿಯಾದದ್ದು ಇಲ್ಲಿನ ರೈಲು ನಿಲ್ದಾಣದಲ್ಲಿ. ಆಮೇಲೆ ತ್ರೊ, ಗುಡ್ಡದ ಮೈಯಲ್ಲಿ ಅಂತಸ್ತು ಅಂತಸ್ತಾಗಿ ಗುಹೆಮನೆಗಳು. ಅಲ್ಲಿ ಮೆಟ್ಟಿಲೇ ಹೆಚ್ಚು, ಸೈಕಲ್ಲನ್ನು ಕೆಳಗೆ ಬೀಗ ಹಾಕಿ ಹತ್ತಿ. ಹೊಳೆಯ ಆಚೆ ದಂಡೆಯ ಸೇಂ-ಜಾಕ್ ಚರ್ಚಿನ ಭಿತ್ತಿಚಿತ್ರಗಳನ್ನು ಬಿಟ್ಟು ಬರಬೇಡಿ. ಕೂತ್ಯೂರ್ ಬಳಿ ಕವಿ ರೋಂಸಾರ್ 1524ರಲ್ಲಿ ಹುಟ್ಟಿದ ಲಾ ಪೊಸೊನ್ಯೆರ್ ಮನೆ ಇದೆ. ಇಷ್ಟೆಲ್ಲ ಒಂದೇ ದಿನದ ದಾರಿಯೊಳಗೆ ಇದ್ದರೂ ಎಲ್ಲೂ ಸರತಿ ಸಾಲು ಇಲ್ಲ.

ಆಂದ್ರ್‌ನಲ್ಲಿ ಎರಡು ತುದಿಗಳೇ ಮುಖ್ಯ. ಮೇಲೆ ಲೋಶ್, ಅಲ್ಲಿ 11ನೇ ಶತಮಾನದ ಸುಮಾರು 36 ಮೀಟರ್ ಎತ್ತರದ ಕಲ್ಲಿನ ಬುರುಜು. ಕೆಳಗೆ ಅಜೆ-ಲ-ರಿದೊ ಅರಮನೆ. ನಡುವೆ ಸುಮಾರು 65–70 ಕಿ.ಮೀ.

ಊಟ, ನೀರು, ಭಾನುವಾರ

ಚಿಕ್ಕ ಲ್ವಾರ್‌ಗೆ ಹೋದವರು ಹಸಿದು ಬರುವುದು ಇದೊಂದನ್ನು ಲೆಕ್ಕಕ್ಕೆ ಹಿಡಿಯದೆ. ಭಾನುವಾರ ಮಧ್ಯಾಹ್ನದಿಂದ ಅಂಗಡಿ ಮುಚ್ಚುತ್ತವೆ, ಸೋಮವಾರ ಬೇಕರಿ, ಹೋಟೆಲ್, ಸೈಕಲ್ ಅಂಗಡಿ ಎಲ್ಲಕ್ಕೂ ರಜೆ ಇರುವ ಊರುಗಳು ಬಹಳ. ಬಾಕಿ ದಿನಗಳಲ್ಲೂ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ದಿನಸಿ ಅಂಗಡಿ ಬಾಗಿಲು ಹಾಕಿರುತ್ತದೆ. ಎರಡು ಗಂಟೆ ದಾಟಿದರೆ ಹೋಟೆಲಿನಲ್ಲಿ ಬಿಸಿ ಊಟ ಸಿಗುವುದು ಕಷ್ಟ. ಶನಿವಾರ ಸಂಜೆಗೇ ಎರಡು ಹೊತ್ತಿಗಾಗುವಷ್ಟು ಕಟ್ಟಿಕೊಳ್ಳಿ. ಕೆಲವು ಹಳ್ಳಿಗಳಲ್ಲಿ ಬ್ರೆಡ್ ಕೊಡುವ ಯಂತ್ರಗಳಿವೆ, ಚಿಲ್ಲರೆ ಇಟ್ಟುಕೊಂಡಿರಿ. ಕುಡಿಯುವ ನೀರಿಗೆ ಹಳ್ಳಿಯ ಸ್ಮಶಾನದ ನಲ್ಲಿ ನೋಡಿ, ಹೂಗಿಡಗಳಿಗಾಗಿ ಇಟ್ಟಿರುತ್ತಾರೆ. "ನೋಂ ಪೋತಾಬ್ಲ್" ಎಂಬ ಫಲಕ ಇದ್ದರೆ ಕುಡಿಯಬಾರದು. ಬೇಸಿಗೆಯಲ್ಲಿ ತಲೆಗೆ ಎರಡು ಲೀಟರ್ ಜೊತೆಗಿರಲಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಬಿಸಿ ಆಡಿನ ಚೀಸಿನ ಸಲಾಡ್ ಎಲ್ಲೆಡೆ ಸಿಗುತ್ತದೆ, ಆದರೆ ಅದರಲ್ಲಿ ಹಂದಿಮಾಂಸದ ಚೂರು ಹಾಕುವುದು ರೂಢಿ. "ಸಾಂ ಲಾರ್ದೋಂ" ಎಂದು ಮೊದಲೇ ಹೇಳಿ. ಸಾಂಪ್ರದಾಯಿಕ ಚೀಸಿಗೆ ಹಾಲು ಗಟ್ಟಿಯಾಗಲು ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಅದು ಬೇಡ ಎನ್ನುವವರು ಚೀಸ್ ಬಿಡಬೇಕಾದೀತು. ಕೀಶ್ ಎಂಬ ಖಾರದ ಪೈಯಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಸೋಮ್ಯೂರ್ ಕಡೆಯ ಗುಹೆ ಹೋಟೆಲುಗಳಲ್ಲಿ ಫುವೆ ಎಂಬ ಬಿಸಿ ಬಿಸಿ ಸಣ್ಣ ರೊಟ್ಟಿ ಕೊಡುತ್ತಾರೆ. ಒಳಗೆ ಬಿಳಿ ಬೀನ್ಸ್ ಕಾಳು ತುಂಬಿಸಿ ಅನ್ನಿ, ಅದರ ಅಡುಗೆಗೆ ಮಾಂಸದ ಕೊಬ್ಬು ಹಾಕಿಲ್ಲವೇ ಎಂದು ಕೇಳಿಕೊಳ್ಳಿ.

ದೊಡ್ಡ ಲ್ವಾರ್‌ನಲ್ಲಿ ಈ ಚಿಂತೆ ಕಡಿಮೆ. ಅಕೈ ವೆಲೊ ಎಂಬ ಗುರುತು ಇರುವ ವಸತಿಗಳು ಸಾಲಾಗಿ ಸಿಗುತ್ತವೆ. ಮಾರ್ಗದಿಂದ 5 ಕಿ.ಮೀ. ಒಳಗಿರಬೇಕು, ಸೈಕಲ್ಲಿಗೆ ಭದ್ರ ಜಾಗ, ರಿಪೇರಿ ಸಾಮಾನು ಇರಬೇಕು ಎಂಬುದು ಅದರ ನಿಯಮ. ಚಿಕ್ಕ ಲ್ವಾರ್‌ನಲ್ಲಿ ಊರಿನ ಪುರಸಭೆಯ ಟೆಂಟ್ ಮೈದಾನಗಳೇ ಆಧಾರ, ಅವು ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮುಚ್ಚುತ್ತವೆ. ಜೂನ್‌ನಲ್ಲಿ ಲ ಮಾನ್ 24 ಗಂಟೆ ಕಾರು ರೇಸ್ ನಡೆಯುವ ವಾರ ಲಾ ಶಾರ್ತ್ರ್ ಸುತ್ತ ಕೋಣೆ ಸಿಗುವುದಿಲ್ಲ, ಆ ವಾರ ಬಿಟ್ಟುಬಿಡಿ. ಮೇ ಕೊನೆ, ಇಲ್ಲವೇ ಸೆಪ್ಟೆಂಬರ್ ಮೊದಲ ಅರ್ಧ ನಮಗೆ ಹಿಡಿಸಿದ ಕಾಲ.

ರಸ್ತೆ ನಿಯಮ, ಸಾಮಾನು

ನಮ್ಮೂರಿನಿಂದ ಹೋದವರಿಗೆ ಬಲಬದಿಯ ಸವಾರಿ ಅರ್ಧ ದಿನದಲ್ಲಿ ರೂಢಿಯಾಗುತ್ತದೆ, ಆದರೆ ಖಾಲಿ ರಸ್ತೆಯಲ್ಲಿ ನಿಂತು ಮತ್ತೆ ಹೊರಡುವಾಗ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ. ಕನ್ನಡಿಯನ್ನು ಎಡ ಹ್ಯಾಂಡಲ್‌ಗೆ ಹಾಕಿ. ಬಾಡಿಗೆ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಎಡಗೈ ಬ್ರೇಕು ಮುಂದಿನ ಚಕ್ರದ್ದು, ಇಳಿಜಾರಿಗೆ ಮೊದಲು ಒಮ್ಮೆ ಒತ್ತಿ ನೋಡಿ. ಫಲಕವಿಲ್ಲದ ಹಳ್ಳಿ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು. ಸಣ್ಣ ಓಣಿಯಿಂದ ಟ್ರ್ಯಾಕ್ಟರ್ ನಿಲ್ಲದೆ ಬಂದರೆ ತಪ್ಪು ಅವರದ್ದಲ್ಲ. ರಾತ್ರಿ ಅಥವಾ ಮಂಜಿನಲ್ಲಿ ಊರಾಚೆ ಹೊಳೆಯುವ ಜಾಕೆಟ್ ಕಡ್ಡಾಯ. ಶರತ್ಕಾಲದಲ್ಲಿ ಬೇಟೆ ಶುರುವಾಗುವುದರಿಂದ ಹಗಲಲ್ಲೂ ಹಾಕಿಕೊಳ್ಳಿ.

ಎರಡು ಟ್ಯೂಬು, ಪ್ಯಾಚು, ಚೈನಿನ ಜೋಡಣೆ ಕೊಂಡಿ, ಇವುಗಳ ಜೊತೆ ನಿಮ್ಮ ಸೈಕಲ್ಲಿಗೆ ಹೊಂದುವ ಡೀರೇಲರ್ ಹ್ಯಾಂಗರ್ (ಹಿಂದಿನ ಗೇರು ಬದಲಿಸುವ ಭಾಗವನ್ನು ಚೌಕಟ್ಟಿಗೆ ಹಿಡಿದಿಡುವ ತುಂಡು) ಒಂದು ತಪ್ಪದೆ ಇಟ್ಟುಕೊಳ್ಳಿ. ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದೇ. ಒಂದೊಂದು ಮಾಡೆಲ್‌ಗೆ ಒಂದೊಂದು ಆಕಾರ, ಹಳ್ಳಿ ಅಂಗಡಿಯಲ್ಲಿ ಸಿಗುವುದಿಲ್ಲ.

ರೈಲು

ದೊಡ್ಡ ಲ್ವಾರ್‌ಗುಂಟ ರೈಲು ಇದೆ, ಬೇಸಿಗೆಯಲ್ಲಿ ಓರ್ಲೆಯಾಂ–ನಾಂತ್ ನಡುವೆ ಸೈಕಲ್ಲಿಗೆಂದೇ ಹೆಚ್ಚು ಜಾಗವಿರುವ ಗಾಡಿಗಳು ಓಡುತ್ತವೆ. ಸುಸ್ತಾದವರಿಗೆ ಅದೇ ಆಸರೆ. ಲೋಶ್‌ಗೆ ತೂರ್‌ನಿಂದ ರೈಲು ಇದೆ. ಚಿಕ್ಕ ಲ್ವಾರ್‌ಗೆ ಪ್ಯಾರಿಸ್‌ನಿಂದ ಟಿಜಿವಿ ಎಂಬ ಅತಿವೇಗದ ರೈಲು ಮುಕ್ಕಾಲು ಗಂಟೆಯಲ್ಲಿ ವಾಂದೋಮ್ ತಲುಪಿಸುತ್ತದೆ, ನಿಲ್ದಾಣದಿಂದ ಊರು ಸುಮಾರು 5 ಕಿ.ಮೀ. ಅದರಲ್ಲಿ ಬಿಚ್ಚಿದ ಸೈಕಲ್ಲಿನ ಚೀಲ 130 × 90 ಸೆಂ.ಮೀ. ಒಳಗಿರಬೇಕು. ಬೊನ್‌ವಾಲ್, ಶಾತೊದಾಂ, ವಾಂದೋಮ್ ಮೂಲಕ ತೂರ್‌ಗೆ ಹೋಗುವ ಸಾಮಾನ್ಯ ರೈಲೂ ಇದೆ. ಆದರೆ ವೇಳಾಪಟ್ಟಿಯಲ್ಲಿ "ಓತೋಕಾರ್" ಎಂದಿದ್ದರೆ ಅದು ಬಸ್ಸು, ಸೈಕಲ್ ಹತ್ತಿಸುತ್ತಾರೆಂದು ನಂಬಿ ಹೋಗಬೇಡಿ. ಲಾ ಶಾರ್ತ್ರ್‌ನಿಂದ ಶಾತೊ-ದ್ಯು-ಲ್ವಾರ್‌ಗೆ ಸುಮಾರು 17 ಕಿ.ಮೀ., ಅಲ್ಲಿಂದ ತೂರ್‌ಗೂ ಲ ಮಾನ್‌ಗೂ ರೈಲು ಸಿಗುತ್ತದೆ. ಅದನ್ನು ದಾಟಿ ಲ ಲ್ಯೂದ್, ಲಾ ಫ್ಲೆಶ್ ಕಡೆ ಹೊರಟರೆ ಆಂಜೆವರೆಗಿನ ಸುಮಾರು 120 ಕಿ.ಮೀ. ದಾರಿಯಲ್ಲಿ ಹತ್ತಲು ರೈಲಿಲ್ಲ. ಲಾ ಫ್ಲೆಶ್‌ನಲ್ಲಿ ಒಂದು ರಾತ್ರಿಯ ಕೋಣೆ ಖಚಿತ ಮಾಡಿಕೊಂಡೇ ಮುಂದೆ ತುಳಿಯಿರಿ.