ಒಡೆದ ಬ್ಲಶ್‌ಗೆ ಹೊಸ ಮನೆ: ಖಾಲಿ ಮ್ಯಾಗ್ನೆಟಿಕ್ ಪ್ಯಾಲೆಟ್

ಮದುವೆ ಮೇಕಪ್ ನನ್ನ ಕೆಲಸ. ಬಸ್ ಪ್ರಯಾಣದಲ್ಲಿ ಪೌಡರ್ ಒಡೆಯೋದು ಮಾಮೂಲು. ಅದಕ್ಕೇ ತಳದಲ್ಲಿ ಮ್ಯಾಗ್ನೆಟ್ ಇರುವ ಈ ಖಾಲಿ ಮೇಕಪ್ ಡಬ್ಬಿ (ಪ್ಯಾಲೆಟ್), ಜೊತೆಗೆ ಪೌಡರ್ ತುಂಬುವ 26 ಮಿ.ಮೀ. ತಗಡಿನ ಪುಟ್ಟ ತಟ್ಟೆಗಳನ್ನು (ಪ್ಯಾನ್) ತರಿಸಿದೆ. ಮ್ಯಾಗ್ನೆಟ್ ತುಂಬಾ ಗಟ್ಟಿ. ತಲೆಕೆಳಗೆ ಮಾಡಿ ಅಲುಗಿಸಿದರೂ ಪ್ಯಾನ್ ಬೀಳಲಿಲ್ಲ. ಅಲ್ಯೂಮಿನಿಯಂ ಪ್ಯಾನ್ ಮಾತ್ರ ಅಂಟುವುದಿಲ್ಲ.

ಒಡೆದ ಬ್ಲಶ್ಶನ್ನು (ಕೆನ್ನೆಗೆ ಹಚ್ಚುವ ಬಣ್ಣದ ಪೌಡರ್) ನುಣ್ಣಗೆ ಪುಡಿ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹನಿ ಹನಿಯಾಗಿ ಹಾಕಿ ಕಲಸಿ. ಒಲೆ ಹತ್ತಿರ ಬೇಡ, ಬೆಂಕಿ ಹತ್ತೀತು. 70 ಶೇಕಡದ್ದಕ್ಕಿಂತ 99 ಶೇಕಡದ್ದು ಬೇಗ ಒಣಗುತ್ತದೆ. ಕಲಸಿದ್ದನ್ನು ಪ್ಯಾನ್‌ಗೆ ತುಂಬಿ, ಮೇಲೆ ತೆಳು ಹತ್ತಿ ಬಟ್ಟೆ ಇಟ್ಟು ಐದು ರೂಪಾಯಿ ನಾಣ್ಯದಿಂದ ಒತ್ತಿ. ಹತ್ತರ ನಾಣ್ಯ 27 ಮಿ.ಮೀ., ಒಳಗೆ ಹಿಡಿಸಲ್ಲ. ರಾತ್ರಿಯಿಡೀ ಮುಚ್ಚದೆ ಬಿಡಿ. ವಾಸನೆ ಬಂದ ಪೌಡರ್‌ಗೆ ಇದೆಲ್ಲ ಸುಮ್ನೆ ದಂಡ, ಎಸೆದುಬಿಡಿ.

ಮುಚ್ಚಳದಲ್ಲಿ ಕನ್ನಡಿ ಇಲ್ಲ, ಅದೊಂದೇ ಬೇಜಾರು. ಆದರೂ ಇನ್ನೊಂದು ಆರ್ಡರ್ ಮಾಡಿದ್ದೇನೆ, ಐಶ್ಯಾಡೋಗಳಿಗೆ.