ಮಂಡಿ ಆಪರೇಷನ್ ಆದ ಮೇಲೆ ಕಾಲು ನೆಟ್ಟಗಾಗದ ಫುಟ್‌ಬಾಲ್ ಆಟಗಾರ, ಅವನನ್ನು ನೋಡಿಕೊಂಡ ರಿಹ್ಯಾಬ್ ಸೆಂಟರ್: ನಾಲ್ಕು ಸ್ಟಾರ್

ಐದಕ್ಕೆ ನಾಲ್ಕು ಕೊಡುತ್ತಿದ್ದೇನೆ. ಒಂದು ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ. ಆ ನಾಲ್ಕು ಯಾಕೆ ಸಿಕ್ಕಿತು ಅನ್ನೋದು ಜಾಸ್ತಿ ಮುಖ್ಯ.

ನನ್ನ ತಮ್ಮ ವೃತ್ತಿಪರ ಫುಟ್‌ಬಾಲ್ ಆಟಗಾರ, ಡಿಫೆನ್ಸ್‌ನಲ್ಲಿ ಆಡುತ್ತಾನೆ. ಈಗಲೂ ಕಾಂಟ್ರ್ಯಾಕ್ಟ್‌ನಲ್ಲಿದ್ದಾನೆ. ಯಾವ ಕ್ಲಬ್, ಯಾವ ಕಾಲು, ಯಾವ ಆಸ್ಪತ್ರೆ ಅನ್ನೋದೆಲ್ಲ ಹೊರಗೆ ಬಂದರೆ ಮುಂದಿನ ಸೀಸನ್ನಿನ ಮಾತುಕತೆಯಲ್ಲಿ ಅವನಿಗೇ ತೊಂದರೆ. ಅದಕ್ಕೇ ಹೆಸರುಗಳನ್ನು ಬಿಟ್ಟಿದ್ದೇನೆ. ಸೆಂಟರಿನ ಹೆಸರು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಇಂಥ ಜಾಗದಲ್ಲಿ ಏನು ನೋಡಬೇಕು ಅಂತ ತಿಳಿದರೆ ಸಾಕು.

ಅವನಿಗೆ ಎಸಿಎಲ್ ಹರಿದಿತ್ತು, ಅಂದರೆ ಮಂಡಿಯೊಳಗೆ ತೊಡೆಮೂಳೆ, ಕಾಲುಮೂಳೆ ಎರಡನ್ನೂ ಹಿಡಿದಿಡುವ ಲಿಗಮೆಂಟ್ ಪಟ್ಟಿ. ಯಾರೂ ಗುದ್ದಿರಲಿಲ್ಲ. ಚೆಂಡು ಹಿಡಿದ ಎದುರಾಳಿಯ ಕಡೆ ಓಡಿ, ಅವನು ಪಕ್ಕಕ್ಕೆ ತಿರುಗಿದಾಗ ಇವನೂ ಒಂದೇ ಕಾಲಿನ ಮೇಲೆ ತಿರುಗಿದ, ಅಷ್ಟೇ. ಹೀಗೆ ಪ್ರೆಸ್ ಮಾಡುವಾಗಲೇ ಫುಟ್‌ಬಾಲ್‌ನಲ್ಲಿ ಈ ಲಿಗಮೆಂಟ್ ಜಾಸ್ತಿ ಹರಿಯೋದು. ಮಂಡಿಚಿಪ್ಪಿನ ಕೆಳಗಿನ ಟೆಂಡನ್‌ನ (ನಾರಿನಂಥ ಗಟ್ಟಿ ಪಟ್ಟಿ) ಮಧ್ಯದಿಂದ ಒಂದು ಪಟ್ಟಿ ತೆಗೆದು ಹೊಸ ಲಿಗಮೆಂಟ್ ಮಾಡಿ ಕೂರಿಸಿದರು. ಆಪರೇಷನ್ ಬಗ್ಗೆ ನನ್ನದೇನೂ ದೂರಿಲ್ಲ, ಸರ್ಜನ್ ಕೆಲಸ ಅಚ್ಚುಕಟ್ಟಾಗಿತ್ತು.

ತೊಂದರೆ ಶುರುವಾಗಿದ್ದು ಆಮೇಲೆ. ಮೊದಲು ಫಿಸಿಯೋಥೆರಪಿಗೆ ಹೋಗುತ್ತಿದ್ದ ಜಾಗದಲ್ಲಿ (ಇದರ ಹೆಸರೂ ಬೇಡ) ಪ್ರತಿ ಸಲ ಮಂಡಿ ಎಷ್ಟು ಮಡಚುತ್ತದೆ ಅಂತ ಅಳೆಯುತ್ತಿದ್ದರು. ತೊಂಬತ್ತು ಡಿಗ್ರಿ, ನೂರು, ನೂರಿಪ್ಪತ್ತು ಅಂತ ಏರುತ್ತಿದ್ದ ಹಾಗೆ ಮನೆಯವರಿಗೆಲ್ಲ ಖುಷಿ. ಕಾಲು ಪೂರ್ತಿ ನೆಟ್ಟಗಾಗುತ್ತಿದೆಯಾ ಅಂತ ಮಾತ್ರ ಯಾರೂ ಸರಿಯಾಗಿ ನೋಡಲಿಲ್ಲ. ಊರುಗೋಲು ಬಿಟ್ಟು ಎಷ್ಟೋ ವಾರ ಆದರೂ ಅವನು ಸ್ವಲ್ಪ ಕುಂಟುತ್ತಲೇ ಇದ್ದ. ಕಾಲು ಚಾಚಿದ ಕೊನೆಯಲ್ಲಿ ಮಂಡಿಯ ಮುಂಭಾಗದಲ್ಲಿ ನೋವು, ಏನೋ ಅಡ್ಡ ಸಿಕ್ಕಿಕೊಂಡ ಹಾಗೆ, ಒಮ್ಮೊಮ್ಮೆ 'ಟಕ್' ಅಂತ ಸದ್ದು. ಕೇಳಿದರೆ "ಬಲ ಬರಬೇಕು, ಟೈಮ್ ಕೊಡಿ" ಅನ್ನೋದೇ ಉತ್ತರ. ತೊಡೆಗೆ ಇನ್ನೂ ಭಾರದ ವ್ಯಾಯಾಮ ಕೊಟ್ಟರು. ಮಂಡಿ ಊದಿತು. ಐಸ್ ಇಟ್ಟು ಮತ್ತೆ ಅದನ್ನೇ ಮಾಡಿಸಿದರು. ಮತ್ತೆ ಊದಿತು.

ಕ್ಲಬ್ಬಿನಲ್ಲಿ ಜೊತೆಗಿದ್ದ ಒಬ್ಬರು ಹಿರಿಯ ಆಟಗಾರರು ಹೇಳಿದ್ದಕ್ಕೆ ಈ ಸೆಂಟರಿಗೆ ಬಂದೆವು.

ಮೊದಲ ದಿನ ಒಂದೂ ವ್ಯಾಯಾಮ ಮಾಡಿಸಲಿಲ್ಲ. ನನಗೆ ಇವರ ಮೇಲೆ ನಂಬಿಕೆ ಬಂದಿದ್ದೇ ಅಲ್ಲಿಂದ. ಆಪರೇಷನ್ ನೋಟ್ಸ್ ಪೂರ್ತಿ ಓದಿದರು, ಬರೀ ಡಿಸ್ಚಾರ್ಜ್ ಸಾರಾಂಶ ಸಾಕಾಗಲ್ಲ ಅಂತ ಮೊದಲೇ ತರಿಸಿಕೊಂಡಿದ್ದರು. ಮಿನಿಸ್ಕಸ್‌ಗೆ (ಮಂಡಿಯೊಳಗಿನ ಮೆತ್ತೆಯಂಥ ಭಾಗ) ಹೊಲಿಗೆ ಹಾಕಿದ್ದಾರಾ, ಕತ್ತರಿಸಿ ತೆಗೆದಿದ್ದಾರಾ ಅಂತ ಅದರಲ್ಲೇ ಗೊತ್ತಾಗೋದಂತೆ, ಎರಡಕ್ಕೂ ಭಾರ ಹಾಕುವ ಲೆಕ್ಕ ಬೇರೆ. ಆಮೇಲೆ ಅವನನ್ನು ಬೋರಲು ಮಲಗಿಸಿ, ಮಂಡಿಯಿಂದ ಕೆಳಗಿನ ಭಾಗ ಟೇಬಲ್ಲಿನ ಆಚೆ ಬರುವ ಹಾಗೆ ಮಾಡಿ, ಎರಡೂ ಹಿಮ್ಮಡಿ ಒಂದೇ ಎತ್ತರದಲ್ಲಿವೆಯಾ ನೋಡಿದರು. ಇರಲಿಲ್ಲ. ಆಪರೇಷನ್ ಆದ ಕಾಲಿನ ಹಿಮ್ಮಡಿ ಬರಿಗಣ್ಣಿಗೇ ಕಾಣುವಷ್ಟು ಮೇಲಿತ್ತು. ಎರಡರ ನಡುವೆ ಒಂದು ಸೆಂಟಿಮೀಟರ್ ವ್ಯತ್ಯಾಸ ಅಂದರೆ ಹೆಚ್ಚುಕಡಿಮೆ ಒಂದು ಡಿಗ್ರಿ. ಅಳೆಯೋಕೆ ಒಂದು ಸ್ಕೇಲ್ ಸಾಕು. ಇಷ್ಟು ಸುಲಭದ ಪರೀಕ್ಷೆಯನ್ನು ಅಷ್ಟು ವಾರಗಳಲ್ಲಿ ಯಾರೂ ಮಾಡಿರಲಿಲ್ಲ ಅನ್ನೋದು ಈಗ ನೆನೆಸಿಕೊಂಡರೂ ಹೊಟ್ಟೆ ಉರಿಯುತ್ತದೆ.

ಕೆಲವೇ ಡಿಗ್ರಿ ಕಡಿಮೆಯಾದರೆ ಏನಾಯ್ತು ಅಂತ ನಾನೇ ಕೇಳಿದೆ. ಅಲ್ಲಿನ ಮುಖ್ಯ ಫಿಸಿಯೋ ಮೇಡಂ ಕೂತು ವಿವರಿಸಿದರು. ಕಾಲು ನೆಟ್ಟಗಿದ್ದರೆ ನಿಂತಾಗ ಮಂಡಿ ತಾನಾಗಿ ಲಾಕ್ ಆಗುತ್ತದೆ, ತೊಡೆಯ ಸ್ನಾಯುವಿಗೆ ವಿಶ್ರಾಂತಿ. ಸ್ವಲ್ಪ ಮಡಚಿಯೇ ಉಳಿದರೆ ನಿಂತರೂ ನಡೆದರೂ ಆ ಸ್ನಾಯು ದುಡಿಯುತ್ತಲೇ ಇರಬೇಕು, ಮಂಡಿಚಿಪ್ಪಿನ ಹಿಂದೆ ಒತ್ತಡ ಬೀಳುತ್ತಲೇ ಇರಬೇಕು. ಮಂಡಿಯೊಳಗೆ ನೀರು ತುಂಬಿದ್ದರಂತೂ ನರಮಂಡಲವೇ ಆ ಸ್ನಾಯುವಿಗೆ ಹೋಗುವ ಸಂಕೇತವನ್ನು ತಗ್ಗಿಸುತ್ತದೆ, ಆಗ ಎಷ್ಟು ಭಾರ ಎತ್ತಿದರೂ ತೊಡೆ ಬೆಳೆಯಲ್ಲ. ಊದಿದ ಮಂಡಿಗೆ ವ್ಯಾಯಾಮ ಜಾಸ್ತಿ ಮಾಡೋದು ರಂಧ್ರ ಇರುವ ಕೊಡಕ್ಕೆ ನೀರು ಹೊತ್ತ ಹಾಗೆ ಅಂದರು. ನನಗೆ ಅವತ್ತೇ ಅರ್ಥ ಆಯ್ತು, ತಮ್ಮ ಅಷ್ಟು ಕಷ್ಟಪಟ್ಟರೂ ತೊಡೆ ಯಾಕೆ ಸಣ್ಣಗೇ ಉಳಿದಿತ್ತು ಅಂತ.

"ಇದು ವ್ಯಾಯಾಮದಲ್ಲಿ ಸರಿಹೋಗುವ ಬಿಗಿತ ಅಲ್ಲ ಅನ್ನಿಸುತ್ತಿದೆ, ಒಳಗೆ ಏನೋ ತಡೆಯುತ್ತಿದೆ. ಮೊದಲು ಎಂಆರ್‌ಐ ಮಾಡಿಸಿ ಸರ್ಜನ್‌ಗೆ ತೋರಿಸಿ, ಆಮೇಲೆ ಇಲ್ಲಿಗೆ ಬನ್ನಿ" ಅಂತ ಪತ್ರ ಬರೆದು ಕಳಿಸಿಬಿಟ್ಟರು. ಪ್ಯಾಕೇಜ್ ಮಾರಬಹುದಾಗಿದ್ದ ದಿನ ಗಿರಾಕಿಯನ್ನು ವಾಪಸ್ ಕಳಿಸುವವರು ಎಷ್ಟು ಜನ ಇದ್ದಾರೆ ಹೇಳಿ?

ಎಂಆರ್‌ಐನಲ್ಲಿ ಸಿಕ್ಕಿತು. ಹೊಸ ಲಿಗಮೆಂಟಿನ ಮುಂದೆ ನಾರಿನಂಥ ಒಂದು ಗಂಟು ಬೆಳೆದಿತ್ತು, ಸೈಕ್ಲಾಪ್ಸ್ ಲೀಷನ್ ಅಂತಾರೆ. ಎಸಿಎಲ್ ಆಪರೇಷನ್ ಆದವರಲ್ಲಿ ಆಗುವ ತೊಡಕುಗಳಲ್ಲಿ ಇದೂ ಒಂದು. ಕಾಲು ಚಾಚಿದಾಗ ಆ ಗಂಟು ಮೂಳೆಗಳ ನಡುವೆ ಸಿಕ್ಕಿಕೊಂಡು ತಡೆಯುತ್ತದೆ. ಸರ್ಜನ್ ಆರ್ಥ್ರೋಸ್ಕೋಪಿ (ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಮಾಡಿ ಅದನ್ನು ತೆಗೆದರು, ಅರಿವಳಿಕೆ ಇಳಿಯುವ ಮೊದಲೇ ಕಾಲು ನೆಟ್ಟಗಾಯಿತು. ಈ ಗಂಟು ಯಾರ ತಪ್ಪೂ ಇಲ್ಲದೇ ಬೆಳೆಯಬಹುದು. ತಪ್ಪಿದ್ದು ಅದನ್ನು ಅಷ್ಟು ದಿನ ಯಾರೂ ಹುಡುಕದೇ ಇದ್ದದ್ದು.

ಎರಡನೇ ಆಪರೇಷನ್ ಆದ ಮೇಲೆ ಈ ಸೆಂಟರಿನವರ ಕೆಲಸ ನಿಜವಾಗಿ ಶುರುವಾಯಿತು. ಮರುದಿನವೇ ಫಿಸಿಯೋ ಬಂದು ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯನ್ನು ತನ್ನ ಭಾರಕ್ಕೇ ಕೆಳಗೆ ಬಿಡಿಸಿದರು. ಸಿಕ್ಕಿದ ನೆಟ್ಟಗಿನ ಕಾಲನ್ನು ಮತ್ತೆ ಕಳೆದುಕೊಳ್ಳಬಾರದು, ಸದ್ಯಕ್ಕೆ ಬೇರೆಲ್ಲ ಆಮೇಲೆ ಅಂದರು. ಮಂಡಿಚಿಪ್ಪನ್ನು ಬೆರಳಲ್ಲಿ ಮೇಲೆ ಕೆಳಗೆ ಪಕ್ಕಕ್ಕೆ ಸರಿಸೋದನ್ನು ನನಗೂ ಕಲಿಸಿದರು. ತೊಡೆಗೆ ಕರೆಂಟ್ ಕೊಟ್ಟು ಸ್ನಾಯುವನ್ನು ಎಬ್ಬಿಸುವ ಮೆಷೀನ್ ಹಾಕಿದರು. ಭಾರ ಹಾಕುವ ಮೊದಲು ಪ್ರತಿ ಸಲ ಮಂಡಿಯ ಪಕ್ಕ ಸವರಿ ಒಳಗೆ ನೀರಿದೆಯಾ ನೋಡುತ್ತಿದ್ದರು. ನೀರು ಜಾಸ್ತಿ ಇದ್ದರೆ ಆ ದಿನದ ಪ್ಲಾನೇ ಬದಲು.

ಒಂದು ಸಂಜೆಯ ವಿಷಯ ಹೇಳಲೇಬೇಕು. ಮಂಡಿ ಇದ್ದಕ್ಕಿದ್ದಂತೆ ಊದಿ ಬಿಸಿಯಾಯಿತು, ಮೈ ಸ್ವಲ್ಪ ಬೆಚ್ಚಗಿತ್ತು. ಮನೆಯಲ್ಲಿ ಹಿಂದಿನ ಆಂಟಿಬಯೋಟಿಕ್ ಮಾತ್ರೆ ಉಳಿದಿತ್ತು, ಅಮ್ಮ ಕೊಡೋಕೆ ಹೊರಟರು. ಸೆಂಟರಿನವರಿಗೆ ಫೋನ್ ಮಾಡಿದರೆ ಎತ್ತಿದ ತಕ್ಷಣ ಹೇಳಿದ್ದು: "ಅಮ್ಮಾ, ಆ ಮಾತ್ರೆ ಕೊಡಬೇಡಿ, ನೇರ ಆಸ್ಪತ್ರೆಗೆ ಹೋಗಿ." ಕೀಲಿನೊಳಗೆ ಸೋಂಕಾಗಿದ್ದರೆ ಮೊದಲು ಸೂಜಿ ಹಾಕಿ ನೀರು ತೆಗೆದು ಪರೀಕ್ಷೆಗೆ ಕಳಿಸಬೇಕು. ಅದಕ್ಕೂ ಮುಂಚೆ ಆಂಟಿಬಯೋಟಿಕ್ ಹೊಟ್ಟೆಗೆ ಹೋದರೆ ಯಾವ ಕ್ರಿಮಿ ಅಂತ ಪತ್ತೆಯಾಗದೇ ಹೋಗಬಹುದು. ಕೀಲಿನ ಸೋಂಕು ಅಪರೂಪ, ಎಸಿಎಲ್ ಆಪರೇಷನ್‌ಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಒಮ್ಮೆ ಆಯಿತೆಂದರೆ ಮೂಳೆಯ ತುದಿಯ ಮೃದುವಾದ ಹೊದಿಕೆ, ಕಾರ್ಟಿಲೇಜನ್ನೇ ತಿಂದುಹಾಕುತ್ತದೆ, ಒಂದು ರಾತ್ರಿ ಕಾಯೋದೂ ತಪ್ಪು. ಆಸ್ಪತ್ರೆಯಲ್ಲಿ ರಕ್ತದ ಸಿಆರ್‌ಪಿ (ಉರಿಯೂತ ತೋರಿಸುವ ಪರೀಕ್ಷೆ) ನೋಡಿ, ಮಂಡಿಯಿಂದ ನೀರು ತೆಗೆದು, ಕ್ರಿಮಿ ಬೆಳೆಯುತ್ತದಾ ಅಂತ ನೋಡುವ ಕಲ್ಚರ್‌ಗೆ ಕಳಿಸಿದರು. ಪುಣ್ಯಕ್ಕೆ ಬರೀ ರಕ್ತ ತುಂಬಿತ್ತು, ಸೋಂಕಿರಲಿಲ್ಲ. ಮೀನಖಂಡ ಊದಿ ನೋವಿದ್ದರೆ, ಉಸಿರು ಕಟ್ಟಿದ ಹಾಗಾದರೆ ರಕ್ತ ಹೆಪ್ಪುಗಟ್ಟಿರಬಹುದು, ಆಗಲೂ ಕಾಯಬೇಡಿ ಅಂತ ಮೊದಲ ವಾರವೇ ಒಂದು ಚೀಟಿ ಬರೆದುಕೊಟ್ಟಿದ್ದರು. ಅದು ಇಡೀ ಕಾಲ ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಕೊಂಡಿತ್ತು.

ಟೆಸ್ಟಿಂಗ್ ವಿಷಯದಲ್ಲಿ ಇವರನ್ನು ಎಷ್ಟು ಹೊಗಳಿದರೂ ಸಾಲದು. ಕುರ್ಚಿಯಲ್ಲಿ ಕೂರಿಸಿ ಕಾಲನ್ನು ಪಟ್ಟಿಯಿಂದ ಕಟ್ಟಿ, ತೊಡೆಯ ಬಲವನ್ನು ಅಳೆಯುವ ಐಸೋಕೈನೆಟಿಕ್ ಮೆಷೀನ್ ಇದೆ. ಮೊದಲ ಸಲ ಆಪರೇಷನ್ ಆದ ಕಾಲು ಇನ್ನೊಂದರ ಮೂರನೇ ಎರಡು ಭಾಗವೂ ಬರಲಿಲ್ಲ. ಅದೇ ವಾರ ಒಂಟಿಕಾಲಿನ ಜಿಗಿತದಲ್ಲಿ ಮಾತ್ರ ಎರಡೂ ಕಾಲು ಹೆಚ್ಚುಕಡಿಮೆ ಒಂದೇ ದೂರ! ಕ್ಲಬ್ಬಿನ ಮ್ಯಾನೇಜರ್ ಆ ದೂರದ ಅಂಕಿಯನ್ನೇ ಹಿಡಿದುಕೊಂಡು "ರೆಡಿ ಇದ್ದಾನಲ್ಲ" ಅಂದರು. ಫಿಸಿಯೋ, ಫೋರ್ಸ್ ಪ್ಲೇಟಿನ (ಕಾಲು ನೆಲವನ್ನು ಎಷ್ಟು ಒತ್ತುತ್ತದೆ ಅಂತ ಅಳೆಯುವ ಹಲಗೆ) ಮೇಲೆ ಅವನು ಜಿಗಿದ ವಿಡಿಯೋ ತೋರಿಸಿದರು. ಮಂಡಿ ಮಾಡಬೇಕಾದ ಕೆಲಸವನ್ನು ಸೊಂಟ, ಪಾದದ ಕೀಲು ಮಾಡುತ್ತಿದ್ದವು, ಇಳಿಯುವಾಗ ಮಂಡಿ ಬಾಗುತ್ತಲೇ ಇರಲಿಲ್ಲ. ದೂರ ಅಳೆದರೆ ಇದು ಕಾಣಲ್ಲ.

ಆ ಮೀಟಿಂಗ್‌ನಲ್ಲಿ ನಾನೂ ಇದ್ದೆ. ಮುಂದೆ ದೊಡ್ಡ ಪಂದ್ಯ ಇತ್ತು, ಕ್ಲಬ್ಬಿನವರಿಗೆ ಅವನು ಬೆಂಚಿನಲ್ಲಾದರೂ ಬೇಕಿತ್ತು, ತಮ್ಮನಿಗಂತೂ ಆಡುವ ಹಸಿವು. ಮೇಡಂ ಒಂದಿಂಚೂ ಕದಲಲಿಲ್ಲ. 2016ರಲ್ಲಿ ಪ್ರಕಟವಾದ ಡೆಲವೇರ್-ಆಸ್ಲೋ ಅಧ್ಯಯನದ ಮಾತು ತೆಗೆದರು: ಆಪರೇಷನ್ ಆಗಿ 9 ತಿಂಗಳವರೆಗೆ, ಆಟಕ್ಕೆ ಮರಳೋದನ್ನು ಒಂದೊಂದು ತಿಂಗಳು ಮುಂದೆ ಹಾಕಿದ ಹಾಗೂ ಮತ್ತೆ ಮಂಡಿಗೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದಿತ್ತು. ಅದೇ ವರ್ಷ ಕತಾರಿನ ಆಸ್ಪೆಟಾರ್ ಆಸ್ಪತ್ರೆಯಿಂದ ಬಂದ, ವೃತ್ತಿಪರ ಆಟಗಾರರ ಮೇಲಿನ ಅಧ್ಯಯನದಲ್ಲಿ, ಪರೀಕ್ಷೆಗಳನ್ನೆಲ್ಲ ಪಾಸಾಗದೇ ಆಟಕ್ಕೆ ಹೋದವರಲ್ಲಿ ಹೊಸ ಲಿಗಮೆಂಟ್ ಹರಿಯುವ ಅಪಾಯ ನಾಲ್ಕು ಪಟ್ಟು ಇತ್ತು. ಮ್ಯಾನೇಜರ್ ಆಗ, ಎರಡನೇ ಆಪರೇಷನ್‌ನಿಂದ ಲೆಕ್ಕ ಹಾಕಬೇಕಾ, ಮೊದಲನೇದರಿಂದಲಾ ಅಂತ ಕೇಳಿದರು. ಒಳ್ಳೆ ಪ್ರಶ್ನೆಯೇ. ಲಿಗಮೆಂಟಿನ ವಯಸ್ಸು ಮೊದಲ ಆಪರೇಷನ್‌ನಿಂದ, ಆದರೆ ತೊಡೆಯ ಬಲಕ್ಕೆ ಕ್ಯಾಲೆಂಡರ್ ಇಲ್ಲ, ಮೆಷೀನ್ ಏನು ಹೇಳುತ್ತದೋ ಅದೇ ಲೆಕ್ಕ ಅಂದರು ಮೇಡಂ. ಇನ್ನೊಂದು ಕಾಲಿನ ಕನಿಷ್ಠ ಶೇ 90ರಷ್ಟು ಬರುವವರೆಗೆ, ಆಡಬಹುದು ಅಂತ ಸಹಿ ಹಾಕಲ್ಲ. ಅಲ್ಲಿಗೆ ಮುಗಿಯಿತು.

ಬೇಗ ಮರಳಿದರೆ ಏನಾಗಬಹುದು ಅನ್ನೋದಕ್ಕೆ ಬ್ರೆಜಿಲ್‌ನ ರೊನಾಲ್ಡೊ ಕಥೆ ಫುಟ್‌ಬಾಲ್ ನೋಡುವವರಿಗೆಲ್ಲ ಗೊತ್ತು. 1999ರ ನವೆಂಬರ್‌ನಲ್ಲಿ ಮಂಡಿಚಿಪ್ಪಿನ ಟೆಂಡನ್‌ಗೆ ಪೆಟ್ಟು, ಆಪರೇಷನ್, 2000ದ ಏಪ್ರಿಲ್‌ನಲ್ಲಿ ಇಟಲಿಯ ಲಾಜಿಯೊ ಕ್ಲಬ್ ವಿರುದ್ಧ ಬದಲಿ ಆಟಗಾರನಾಗಿ ಇಳಿದು ಕೆಲವೇ ನಿಮಿಷದಲ್ಲಿ ಅದೇ ಟೆಂಡನ್ ಪೂರ್ತಿ ಹರಿಯಿತು. ಆಮೇಲೆ 2002ರ ವಿಶ್ವಕಪ್‌ನಲ್ಲಿ 8 ಗೋಲು ಹೊಡೆದರು, ನಿಜ. ನಡುವೆ ಕಳೆದುಹೋದ ಕಾಲ ಮಾತ್ರ ವಾಪಸ್ ಬರಲಿಲ್ಲ. ಎಲ್ಲ ಸರಿಯಾಗಿ ಮಾಡಿದರೂ ಮಂಡಿ ಮತ್ತೆ ತೊಂದರೆ ಕೊಡಬಹುದು, ಅದೂ ನಿಜವೇ. ಸ್ಪೇನ್‌ನ ಆಟಗಾರ್ತಿ ಅಲೆಕ್ಸಿಯಾ ಪುಟೆಯಾಸ್‌ಗೆ 2022ರಲ್ಲಿ ಎಸಿಎಲ್ ಹರಿಯಿತು, 2023ರಲ್ಲಿ ಮರಳಿ ವಿಶ್ವಕಪ್ ಗೆದ್ದರು, ಆ ವರ್ಷದ ಕೊನೆಗೆ ಅದೇ ಮಂಡಿಗೆ ಮತ್ತೆ ಆರ್ಥ್ರೋಸ್ಕೋಪಿ ಆಯಿತು. ಯುರೋಪಿನ ದೊಡ್ಡ ಕ್ಲಬ್ಬುಗಳ ಆಟಗಾರರ ಮೇಲಿನ ಅಧ್ಯಯನವೊಂದರಲ್ಲಿ, ಎಸಿಎಲ್ ಆದ ಬಹುತೇಕ ಎಲ್ಲರೂ ಆಟಕ್ಕೆ ಮರಳಿದ್ದರು, ಮೂರು ವರ್ಷ ಆದ ಮೇಲೂ ಅದೇ ಮಟ್ಟದಲ್ಲಿ ಆಡುತ್ತಿದ್ದವರು ಶೇ 65 ಮಾತ್ರ. ಇದನ್ನು ಮೇಡಂ ತಮ್ಮನಿಗೆ ಮುಚ್ಚಿಡದೇ ಹೇಳಿದರು. ಅವನು ಎರಡು ದಿನ ಮಾತಾಡಲಿಲ್ಲ. ಆದರೆ ಆಮೇಲೆ ಬೆಳಗಿನ ಸೆಷನ್ ಒಂದೂ ತಪ್ಪಿಸಲಿಲ್ಲ.

ಈಗ ಆ ಕಡಿಮೆಯಾದ ಸ್ಟಾರ್. ಮೈದಾನ ಚಿಕ್ಕದು, ಅದೂ ಕೃತಕ ಹುಲ್ಲು. ನೇರ ಓಟ, ದಿಕ್ಕು ಬದಲಿಸೋದು, ಚೆಂಡಿನ ಜೊತೆ ತಿರುಗೋದು ಇಲ್ಲಿವರೆಗೆ ಸರಿ, ಪೂರ್ತಿ ವೇಗದ ಸ್ಪ್ರಿಂಟ್ ಮಾಡೋಕೆ ಜಾಗವೇ ಇಲ್ಲ. ಆ ಭಾಗವನ್ನು ಕ್ಲಬ್ಬಿನ ಮೈದಾನದಲ್ಲಿ, ಓಟದ ವೇಗ ಅಳೆಯುವ, ಕ್ಲಬ್ಬಿನವರ ಜಿಪಿಎಸ್ ವೆಸ್ಟ್ ಹಾಕಿಕೊಂಡು ಮಾಡಬೇಕಾಯಿತು. ಸಂಜೆ ಹೊತ್ತು ವಿಪರೀತ ಜನ, ಒಬ್ಬ ಫಿಸಿಯೋ ನಾಲ್ಕು ಕಡೆ ಓಡುತ್ತಿರುತ್ತಾರೆ, ಬೆಳಗ್ಗೆ ಹೋಗೋದು ವಾಸಿ.

ಇದಕ್ಕಿಂತ ದೊಡ್ಡ ಕೊರತೆ ಮನಸ್ಸಿನ ವಿಷಯದಲ್ಲಿ. ಭಯ ಎಷ್ಟಿದೆ, ಮಂಡಿಯ ಮೇಲೆ ನಂಬಿಕೆ ಎಷ್ಟಿದೆ ಅಂತ ಅಳೆಯುವ 12 ಪ್ರಶ್ನೆಗಳ ಎಸಿಎಲ್-ಆರ್‌ಎಸ್‌ಐ ಫಾರಂ ತುಂಬಿಸುತ್ತಾರೆ, ಒಳ್ಳೇದು. ಅವನ ಅಂಕ ತುಂಬಾ ಕಡಿಮೆ ಬಂದಿತ್ತು. ಬಂದ ಮೇಲೆ ಏನು? ಮಾತಾಡೋಕೆ ಅಲ್ಲಿ ಸೈಕಾಲಜಿಸ್ಟ್ ಇಲ್ಲ. ಫಿಸಿಯೋಗಳು ಪ್ರೀತಿಯಿಂದ ಧೈರ್ಯ ಹೇಳುತ್ತಾರೆ, ಆದರೆ ಎರಡು ಆಪರೇಷನ್ ಆದ, ಸಂಬಳ ಕಾಲಿನ ಮೇಲೇ ನಿಂತಿರುವ ಹುಡುಗನಿಗೆ ಅಷ್ಟು ಸಾಕಾಗಲ್ಲ. ನಾವು ಹೊರಗೆ ಬೇರೆಯವರನ್ನು ಹುಡುಕಿಕೊಂಡೆವು. ಇಷ್ಟು ಚೆನ್ನಾಗಿ ಅಳೆಯುವ ಜಾಗದಲ್ಲಿ ಈ ಒಂದು ಹುದ್ದೆ ಖಾಲಿ ಇರಬಾರದು. ಇದನ್ನು ಅವರಿಗೂ ಬರೆದು ಕೊಟ್ಟಿದ್ದೇನೆ.

ತಮ್ಮ ಈಗ ಆಡುತ್ತಿದ್ದಾನೆ. ಮೊದಲು ಕಡೆಯ ಕೆಲವು ನಿಮಿಷ, ಆಮೇಲೆ ಅರ್ಧ ಪಂದ್ಯ, ಈಗ ಪೂರ್ತಿ. ಪಂದ್ಯದ ಮರುದಿನ ಮಂಡಿಚಿಪ್ಪಿನ ಕೆಳಗೆ ಸ್ವಲ್ಪ ನೋವಿರುತ್ತದೆ, ಅಲ್ಲಿಂದಲೇ ಟೆಂಡನ್ ತೆಗೆದಿದ್ದರಿಂದ ಅದು ಇನ್ನೂ ಕೆಲವು ಕಾಲ ಇರಬಹುದಂತೆ. ಸೀಸನ್ ಮಧ್ಯದಲ್ಲೂ ಅವನನ್ನು ಕರೆಸಿ ಬಲ ಅಳೆಯುತ್ತಾರೆ.

ನೀವು ಹೋಗೋದಾದರೆ ಆಪರೇಷನ್ ನೋಟ್ಸ್, ಎಂಆರ್‌ಐ ಸಿಡಿ, ಹಿಂದಿನ ಫಿಸಿಯೋ ಚಾರ್ಟ್ ಮೂರನ್ನೂ ಒಯ್ಯಿರಿ, ಶಾರ್ಟ್ಸ್ ಹಾಕಿಕೊಂಡು ಹೋಗಿ, ಮೊದಲ ದಿನಕ್ಕೆ ಅರ್ಧ ದಿನ ಬಿಡುವಿಟ್ಟುಕೊಳ್ಳಿ. ಬೇರೆ ಯಾವ ಸೆಂಟರಿಗೆ ಹೋದರೂ, ಬೋರಲು ಮಲಗಿಸಿ ಎರಡೂ ಹಿಮ್ಮಡಿ ನೋಡಿ ಅಂತ ನೀವೇ ಕೇಳಿ. ಅದಕ್ಕೆ ಮುಖ ಸಿಂಡರಿಸುವವರ ಹತ್ತಿರ ಎರಡನೇ ಸಲ ಹೋಗಬೇಡಿ.